ಮದರಸಾಬರ ಅಸ್ತರಿನ ಚಡ್ಡಿ

"ಇದೊಂದು ಚಡ್ಡಿ ತರಾಕ ಹುಬ್ಬಳ್ಳಿತನಕ ಹೋಗಬೇಕೇನ? ನಲವತ್ತು ವರ್ಷ ಮಷೀನ್ ಮುಂದ ಕುಂತು ನಾ ಏನ್ ನೊಣಾ ಹೊಡದೀನೇನ?"

ಗಜೇಂದ್ರಗಡದ ಟೇಲರ್ ಮದರಸಾಬರು ಹೀಗೆ ಗುಡುಗಿದ್ದು ಹೆಂಡತಿ ಖಾಜಾಬಿಯ ಮುಂದೆ. ಅದೂ ಕದ ಹಾಕಿಕೊಂಡು, ಅದೂ ಪಿಸುಮಾತಿನಲ್ಲಿ! ಪಿಸುಮಾತಿನಲ್ಲಿ ಗುಡುಗುವುದು ಹೇಗೆ ಅಂತ ಕೇಳಬೇಡಿ. ಮರ್ಯಾದೆ ಹೋಗುವ ಭಯ ಇದ್ದವನಿಗೆ ಅದು ತಾನಾಗಿಯೇ ಬರುತ್ತದೆ.

ಸಂಗತಿ ಏನೆಂದರೆ, ಎರಡು ತಿಂಗಳ ಹಿಂದೆ ಮದರಸಾಬರಿಗೆ ಹುಬ್ಬಳ್ಳಿಯಲ್ಲಿ ಪ್ರೋಸ್ಟೇಟ್ ಆಪರೇಷನ್ ಆಗಿತ್ತು. ಆಪರೇಷನ್ ಏನೋ ಚೆನ್ನಾಗಿಯೇ ಆಯಿತು. ಆದರೆ ಅಂದಿನಿಂದ ಅವರ ಸ್ಥಿತಿ ವಾಷರ್ ಹೋದ ನಲ್ಲಿಯಂತಾಗಿತ್ತು. ಕೆಮ್ಮಿದರೆ ನಾಲ್ಕು ಹನಿ, ನಕ್ಕರೆ ಎಂಟು ಹನಿ, ಸೀನಿದರೆ ಲೆಕ್ಕವೇ ಇಲ್ಲ! "ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಇದನ್ನು ಹಾಕಿಕೊಳ್ಳಿ" ಎಂದು ಡಾಕ್ಟರು ಒಂದು ಚಡ್ಡಿ ಕೊಟ್ಟಿದ್ದರು. ನೋಡಲು ಮಾಮೂಲಿ ಚಡ್ಡಿ. ಆದರೆ ನಡುವೆ ನೀರು ಹೀರುವ ದಪ್ಪ ಪದರ. ಒಗೆದು ಒಣಗಿಸಿ ಮತ್ತೆ ಹಾಕಿಕೊಳ್ಳಬಹುದು.

ಊರಿಗೆಲ್ಲ ಮದರಸಾಬರು ಹೇಳಿದ್ದು "ಹರ್ನಿಯಾ". ಹರ್ನಿಯಾ ಗೌರವದ ರೋಗ. ಭಾರ ಎತ್ತಿದ ಗಂಡಸಿಗೆ ಬರುವಂಥದ್ದು. ಆದರೆ ಇದನ್ನು ಯಾವ ಬಾಯಿಂದ ಹೇಳುವುದು? ದಿನವಿಡೀ ಊರಿನ ಗಂಡಸರ ಸೊಂಟ ಅಳೆಯುವ ಮನುಷ್ಯ, ಪ್ಯಾಂಟಿನ ಉದ್ದ ನೋಡಲು ಬಗ್ಗಿದಾಗೆಲ್ಲ ಅವರ ಜೀವ ಬಾಯಿಗೆ ಬರುತ್ತಿತ್ತು. ಗಿರಾಕಿಗಳ ಹಾಸ್ಯಕ್ಕೆ ನಗುವುದನ್ನೇ ಬಿಟ್ಟರು. "ಟೇಲರ್ ಮಾಸ್ತರ್ಗ ಸೊಕ್ಕು ಬಂದೈತಿ" ಎಂದು ಬಜಾರು ಆಡಿಕೊಂಡಿತು. ಒಂದು ದಿನ ಬಚ್ಚಲಲ್ಲಿ ಒದ್ದೆ ಪಾಯಿಜಾಮ ಹಿಂಡುತ್ತ ಮದರಸಾಬರು ನಿಜವಾಗಿಯೂ ಅತ್ತುಬಿಟ್ಟರು. ಅದು ಖಾಜಾಬಿಗೂ ಗೊತ್ತಿಲ್ಲ.

ಮಳೆಗಾಲ ಬಂತು. ಇದ್ದ ಒಂದು ಚಡ್ಡಿ ಒಣಗಲು ಎರಡು ದಿನ ಬೇಕು. ಬರುವ ಗುರುವಾರವೇ ಮಗಳು ನಿಲೋಫರಳ ಮದುವೆ ಮಾತು ಪಕ್ಕಾ ಮಾಡಲು ರೋಣಕ್ಕೆ ಹೋಗಬೇಕು! "ಹುಬ್ಬಳ್ಳಿ ಡಾಕ್ಟರ್ ಕಡೆ ಹೋಗಿ ಇನ್ನೆರಡು ತರೂಣ್ರಿ" ಎಂದು ಖಾಜಾಬಿ ಹೇಳಿದ್ದಕ್ಕೇ ಮೇಲಿನ ಗುಡುಗು.

ಬುಧವಾರ ಮದರಸಾಬರು ಕತ್ತರಿ ಹಿಡಿದು ಡಾಕ್ಟರ ಚಡ್ಡಿಯ ಹೊಲಿಗೆಯನ್ನೆಲ್ಲ ಬಿಚ್ಚಿದರು. "ಇಷ್ಟ ಏನು!" ಅಂದರು. ಮೆತ್ತಗಿನ ಟವೆಲ್ ಬಟ್ಟೆ, ನಡುವೆ ಹತ್ತಿಯ ಪದರ, ಆಮೇಲೆ ನೀರು ದಾಟಗೊಡದ ಬಟ್ಟೆ. ಮನೆಯಲ್ಲಿದ್ದ ಹಳೆಯ ರೇನ್‌ಕೋಟು ಕತ್ತರಿಗೆ ಬಲಿಯಾಯಿತು. ಖಾಜಾಬಿಯ ಹೊಸ ಟವೆಲ್ಲೂ ಬಲಿಯಾಯಿತು. ಗುರುವಾರ ಬೆಳಗಿನ ಹೊತ್ತಿಗೆ ಚಡ್ಡಿ ತಯಾರು! ಹೊಲಿಗೆಯೋ, ನವಾಬರೂ ಹಾಕಿಕೊಳ್ಳಬೇಕು, ಅಷ್ಟು ಅಂದ!

"ಒಂದ್ ತಂಬಿಗಿ ನೀರು ಹಾಕಿ ನೋಡ್ರಿ ಮೊದಲ" ಅಂದಳು ಖಾಜಾಬಿ.

"ಮದರಸಾಬ ಹೊಲದದ್ದಕ್ಕ ಟ್ರಾಯಲ್? ಇಷ್ಟು ವರ್ಷದಾಗ ಯಾವನರ ಟ್ರಾಯಲ್ ಕೇಳ್ಯಾನೇನ?"

ಬಿಳಿ ಪಾಯಿಜಾಮ, ಬಿಳಿ ಜುಬ್ಬಾ ತೊಟ್ಟು ಮದರಸಾಬರು ಖಾಜಾಬಿಯ ಜೊತೆ ಬಸ್ಸು ಹತ್ತಿದರು. ಕಾಲೆತ್ತಿದಾಗ ಒಳಗೆ ರೇನ್‌ಕೋಟು ಸರಬರ ಅಂತು. "ಹೊಸಾದು, ಮೆತ್ತಗಾಗತೈತಿ" ಎಂದು ತಮಗೇ ಹೇಳಿಕೊಂಡರು.

ರೋಣದ ಬೀಗರು ಜಮಾಲಸಾಬರು ಗಾದಿ ಮಾಡುವವರು. ಮನೆಯ ತುಂಬ ಹಿಂಜಿದ ಹತ್ತಿ. ಬೀಗರಿಗೆ ಮಾಡಿದ ಮರ್ಯಾದೆಯಂತೂ ಕೇಳಲೇಬೇಡಿ! ಮದುಮಕ್ಕಳಿಗೆಂದು ತಮ್ಮ ಕೈಯಾರೆ ತುಂಬಿದ ಹೊಸ ಗಾದಿಯನ್ನೇ ಪಡಸಾಲೆಯಲ್ಲಿ ಹಾಸಿ, ಮೇಲೆ ಬಿಳಿ ಚಾದರ ಹೊದಿಸಿ, "ಇದರ ಮ್ಯಾಲೆ ಮೊದಲ ನೀವ ಕುಂದ್ರಬೇಕು ಬೀಗ್ರ" ಎಂದು ಕೈಹಿಡಿದು ಕೂರಿಸಿದರು. ಖಾಜಾಬಿ ಒಳಗೆ ಹೆಂಗಸರ ಜೊತೆ ಕೂತಳು.

ಶರಬತ್ತು ಬಂತು, ಕುಡಿದರು. ಚಹಾ ಬಂತು, ಕುಡಿದರು. ಬೇಡ ಅಂದರೆ ಬೀಗರಿಗೆ ಬೇಸರ ಅಂತ ಇನ್ನೊಂದು ಚಹಾನೂ ಕುಡಿದರು. ಜಮಾಲಸಾಬರ ಅಣ್ಣ, ಜಕ್ಕಲಿಯ ಫಕೀರಸಾಬರು ಮಾತಿಗೆ ಕೂತರು. ಮಾತೆಲ್ಲ ಕುದುರಿತು, ಒಂದನ್ನು ಬಿಟ್ಟು: ನಿಲೋಫರಳ ಡಿಗ್ರಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. "ಮದವಿ ಆದ ಮ್ಯಾಲೆ ಕಾಲೇಜ ಯಾಕ್ರಿ?" ಅಂದರು ಫಕೀರಸಾಬರು. ಮದುಮಗ ಮುನಾವರ ತಲೆ ತಗ್ಗಿಸಿ ಕೂತಿದ್ದ. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅತ್ತರು ಬಂತು. ಮೊದಲೇ ಗಾಳಿಯಲ್ಲಿ ಹತ್ತಿಯ ಎಳೆ, ಮೇಲೆ ಮೂಗಿನ ಹತ್ತಿರ ಅತ್ತರು. ಮದರಸಾಬರು ಮೂಗು ಒತ್ತಿ ಹಿಡಿದರು, ಉಸಿರು ಕಟ್ಟಿದರು, ಅಲ್ಲಾಹನನ್ನು ನೆನೆದರು.

"ಆಕ್ಷೀ! ಆಕ್ಷೀ! ಆಕ್ಷೀ!"

ಮೂರನೆಯ ಸೀನಿಗೆ ಅವರ ಮುಖ ಬಿಳಿಚಿತು. ಚಡ್ಡಿ ಹೀರಬೇಕಿತ್ತು. ಹೀರಲಿಲ್ಲ! ಬಿಸಿಯಾಗಿ ಎರಡೂ ತೊಡೆಗುಂಟ ಇಳಿದು, ಪಾಯಿಜಾಮ ದಾಟಿ, ಬಿಳಿ ಚಾದರ ದಾಟಿ, ಹೊಸ ಗಾದಿಯ ಹೊಸ ಹತ್ತಿಗೆ ಸೇರಿತು. ಯಾಕೆ ಅನ್ನುವುದು ಆ ಕ್ಷಣವೇ ಅವರಿಗೆ ಹೊಳೆಯಿತು. ನಲವತ್ತು ವರ್ಷದ ಕೈಚಟ! ಕೋಟು ಹೊಲಿಯುವಾಗ ಮೆತ್ತಗಿನ ಚಂದದ ಬಟ್ಟೆ ಹೊರಗೆ, ನುಣುಪಾದ ಅಸ್ತರು ಒಳಗೆ. ಚಡ್ಡಿಗೂ ಹಾಗೆಯೇ ಹೊಲಿದಿದ್ದರು. ರೇನ್‌ಕೋಟನ್ನು ಅಸ್ತರು ಮಾಡಿ ಒಳಗೆ ಹಾಕಿ, ಹೀರುವ ಟವೆಲ್ಲನ್ನು ಹೊರಗೆ!

"ಬೀಗ್ರ, ಊಟಕ್ಕ ಏಳ್ರಿ" ಅಂದರು ಜಮಾಲಸಾಬರು.

"ನನಗ... ಹಸಿವಿಲ್ರಿ."

ಪಡಸಾಲೆ ತಣ್ಣಗಾಯಿತು. ಹೆಣ್ಣಿನ ತಂದೆ ಬೀಗರ ಮನೆಯಲ್ಲಿ ಹಸಿವಿಲ್ಲ ಅಂದನೆಂದರೆ ಅದು ಹೊಟ್ಟೆಯ ಮಾತಲ್ಲ, ಸಿಟ್ಟಿನ ಮಾತು. ಇಡೀ ಸೀಮೆಗೆ ಗೊತ್ತಿರುವ ಸಂಗತಿ!

"ಏನ್ ತಪ್ಪಾತ್ರಿ ನಮ್ಮಿಂದ?"

"ಏನಿಲ್ರಿ. ನಾ ಇಲ್ಲೇ ಕುಂದ್ರತೀನಿ. ನೀವು ಉಣ್ರಿ."

ಏನಿಲ್ಲ ಅಂದದ್ದು ಇನ್ನೂ ಕೆಟ್ಟದ್ದಾಯಿತು. ಜಮಾಲಸಾಬರು ಅಣ್ಣನ ಮುಖ ನೋಡಿದರು. ಇಬ್ಬರೂ ಮೂಲೆಗೆ ಹೋಗಿ ಗುಸುಗುಸು ಮಾಡಿ ಬಂದರು. "ಆತು ಬೀಗ್ರ, ಹುಡುಗಿ ಕಾಲೇಜ ಮುಗಸಲಿ. ಬಸ್ಸಿನ ಪಾಸ್ ನಾವ ಮಾಡಸ್ತೀವಿ. ಈಗರ ಏಳ್ರಿ!"

ಮದರಸಾಬರಿಗೆ ಕುಣಿಯುವಷ್ಟು ಸಂತೋಷ. ಆದರೆ ಕುಣಿಯಲು ಮೊದಲು ಏಳಬೇಕಲ್ಲ! ಅವರು ಕೂತಲ್ಲೇ ಕೂತರು. ಬೆವರು ಹಣೆಯಿಂದ ಗಡ್ಡಕ್ಕಿಳಿಯಿತು.

"ಇನ್ನೂ ಏಳವಲ್ರಲ್ಲ!" ಫಕೀರಸಾಬರ ಪಿತ್ತ ನೆತ್ತಿಗೇರಿತು. "ಇಂಥಾ ಹಟದ ಮಂದಿ ಸಂಬಂಧ ನಮಗ ಬ್ಯಾಡ ಜಮಾಲ! ಇಲ್ಲಿಗೇ ಬಿಡು!"

ಮುನಾವರ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹುಡುಗ, ಮಗಳು ಮೆಚ್ಚಿದ ಹುಡುಗ. ತನ್ನ ಚಡ್ಡಿಯ ದೆಸೆಯಿಂದ ಇವನ ಕೈ ತಪ್ಪಿದರೆ ನಿಲೋಫರಳಿಗೆ ಏನು ಉತ್ತರ ಹೇಳುವುದು? ಈ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಮದರಸಾಬರಿಗೆ. ಕೊನೆಗೆ ಜಮಾಲಸಾಬರ ಕೈ ಹಿಡಿದೆಳೆದು ಕಿವಿಯಲ್ಲಿ ಹೇಳಿದರು.

"ಬೀಗ್ರ... ಸಿಟ್ಟಲ್ರಿ. ಆಪರೇಷನ್ ಆದಾಗಿಂದ ನನಗ ಉಚ್ಚಿ ನಿಂದ್ರೂದಿಲ್ಲ. ಸೀನಿದೆ, ಹೋತು. ನಿಮ್ಮ ಹೊಸಾ ಗಾದಿ ತೊಯ್ದೈತ್ರಿ."

ಹೇಳಿ ಕಣ್ಣು ಮುಚ್ಚಿಕೊಂಡರು. ಜಮಾಲಸಾಬರು ಅವರ ಭುಜ ತಟ್ಟಿದರು. ಆಮೇಲೆ ಎದ್ದು, "ಎಲ್ಲಾರೂ ಒಳಗ ನಡೀರಿ, ಊಟಕ್ಕ ಕುಂದರ್ರಿ. ಸಿಟ್ಟೂ ಇಲ್ಲ, ಏನೂ ಇಲ್ಲ. ನಾವಿಬ್ರೂ ಆಮ್ಯಾಲೆ ಬರ್ತೀವಿ" ಎಂದು ಅಣ್ಣನನ್ನೂ ಮಗನನ್ನೂ ಒಳಗೆ ಅಟ್ಟಿದರು. ತಮ್ಮದೇ ಒಂದು ಲುಂಗಿ ತಂದು ಮದರಸಾಬರಿಗೆ ಸುತ್ತಿ, ಹತ್ತಿ ತುಂಬಿದ ಪಕ್ಕದ ಖೋಲಿಗೆ ಕರೆದೊಯ್ದರು.

"ನಾಚಬ್ಯಾಡ್ರಿ ಬೀಗ್ರ. ಇಡೀ ರೋಣದ ಗಾದಿ ರಿಪೇರಿಗೆ ನನ್ನ ಕಡೆನ ಬರ್ತಾವ. ಬಿಚ್ಚಿದೆ ಅಂದ್ರ ಯಾರ ಮನ್ಯಾಗ ಏನ್ ಸೋರತೈತಿ ಎಲ್ಲಾ ಗೊತ್ತಾಗತೈತಿ. ದೊಡ್ಡ ದೊಡ್ಡ ಮೀಸಿ ಇದ್ದವರದೂ! ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾ."

ಮದರಸಾಬರು ಲುಂಗಿಯ ಗಂಟು ಬಿಗಿ ಮಾಡಿಕೊಂಡರು. ಎರಡು ತಿಂಗಳಿಂದ ಎದೆ ಮೇಲಿದ್ದ ಕಲ್ಲು ಇಳಿದಂತಾಯಿತು. "ಡಿಗ್ರಿ ಮಾತು...?" ಎಂದು ಮೆಲ್ಲಗೆ ಕೇಳಿದರು.

"ಕೊಟ್ಟ ಮಾತು ಕೊಟ್ಟಂಗ. ಅಣ್ಣಗ ನಾ ಹೇಳ್ತೀನಿ."

ಅಷ್ಟರಲ್ಲಿ ಮದರಸಾಬರು ಕಳಚಿ ಮೂಲೆಗಿಟ್ಟಿದ್ದ ಚಡ್ಡಿಯ ಮೇಲೆ ಜಮಾಲಸಾಬರ ಕಣ್ಣು ಬಿತ್ತು. ಹತ್ತಿ ತುಂಬಿದ್ದು ಏನು ಕಂಡರೂ ಮುಟ್ಟಿ ನೋಡುವ ಕಸುಬಿನ ಚಟ. ಎರಡು ಬೆರಳಲ್ಲಿ ಎತ್ತಿ, ತಿರುವಿ ನೋಡಿದರು, ಮತ್ತೊಮ್ಮೆ ತಿರುವಿದರು.

"ಅಲ್ರೀ, ಪ್ಲಾಸ್ಟಿಕ್ ಒಳಗ, ಹತ್ತಿ ಹೊರಗ! ಯಾವ ನಾಲಾಯಕ ಹೊಲದಾನ್ರಿ ಇದನ್ನ?"

ಮದರಸಾಬರು ಬಾಯಿ ತೆರೆದರು. ಉಚ್ಚೆಯ ಮಾತು ಹೇಳಿದ ಬಾಯಿ. ಆದರೆ ಈ ಮಾತು ಮಾತ್ರ, ಏನು ಮಾಡಿದರೂ ಹೊರಗೆ ಬರಲೊಲ್ಲದು!

"ಅಂವಾ... ಯಾರೋ ಒಬ್ಬ ಟೇಲರ್ರಿ. ನಮ್ಮ ಊರಾಗಿನಾಂವ."

"ಅಂಥಾವನ ಕೈಯಾಗ ನಮ್ಮ ಮುನಾವರನ ಮದವಿ ಶೇರವಾನಿ ಮಾತ್ರ ಕೊಡಬ್ಯಾಡ್ರಿ ಮತ್ತ! ನೀವ ಹೊಲೀರಿ."

"ಆತ್ರಿ, ಆತ್ರಿ. ನಾನ ಹೊಲೀತೀನಿ."

ಬಾಗಿಲಿನ ಪರದೆಯ ಆಚೆಯಿಂದ, ಊಟಕ್ಕೆ ಕರೆಯಲು ಬಂದಿದ್ದ ಖಾಜಾಬಿಯ ದನಿ ಕೇಳಿತು.

"ಬೀಗ್ರ, ಆ ಟೇಲರ್ರೂ ಇವ್ರೂ ಒಬ್ಬರ ಅದಾರ್ರಿ!"