ಭಲೇಪುರದ ಓಲೆ ಜಾಡಿಗಳು

ಬಹಳ ಹಿಂದೆ, ಅಂದರೆ ಈ ಪತ್ರಿಕೆಯ ವಕೀಲರು ಕೂಡ ಆಕ್ಷೇಪ ಎತ್ತಲಾರದಷ್ಟು ಹಿಂದೆ, ಭಲೇಪುರವೆಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಉಘೇಂದ್ರ ಭೂಪಾಲರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ, ಬೆಳಿಗ್ಗೆ ಎದ್ದು ಪಟಕ್ಕೆ ಪೋಸು ಕೊಡುತ್ತಿದ್ದರು. ಆ ಪಟವನ್ನು ನೀಲಿ ಬಟ್ಟೆಯ ಮೇಲೆ ಅಚ್ಚೊತ್ತಿ ಊರಿನ ಕಂಬಕಂಬಕ್ಕೂ ಬ್ಯಾನರ್ ಕಟ್ಟುತ್ತಿದ್ದರು. ಬಟ್ಟೆಗೆ ನೀಲಿ ಕುದಿಸುವ ಕಡಾಯಿಗಳು ಊರ ಕೆರೆಯ ಮೇಲ್ದಂಡೆಯಲ್ಲಿದ್ದವು. ಮಿಕ್ಕ ಬಣ್ಣದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಊರ ಚೌಕದಲ್ಲಿ 'ಅರಮನೆ ದರ್ಪಣ' ಎಂಬ ದೊಡ್ಡದೊಂದು ಗಾಜಿನ ಫಲಕವಿತ್ತು. ಸಂಜೆಯಾಗುತ್ತಲೇ ಅದರಲ್ಲಿ ಸುದ್ದಿ ಮೂಡುತ್ತಿತ್ತು. ಆ ಕಾಲದಲ್ಲಿ ಅದು ಹೇಗೆ ಸಾಧ್ಯ ಎಂದು ಕೇಳುವವರು, ತಮ್ಮ ಮನೆಯ ಟಿವಿ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹೇಳಲಿ. ದರ್ಪಣದ ಉಸ್ತುವಾರಿ ಪ್ರಸಾರಾಮಾತ್ಯ ತುತ್ತೂರಯ್ಯನವರದು. ಕೆರೆಯ ನೀರು ನೀಲಿಯಾದ ವರ್ಷ ಅವರ ದರ್ಪಣ ದಿನವೂ ಹೇಳತೊಡಗಿತು: "ನೀರು ಪರಿಶುದ್ಧವಾಗಿದೆ. ಕಾಣುತ್ತಿರುವ ನೀಲಿಯು ಆಕಾಶದ ಪ್ರತಿಬಿಂಬ. ಬ್ರೇಕ್‌ನ ನಂತರ ಮಹಾರಾಜರ ಹೊಸ ಪಟ."

ಎಲ್ಲವೂ ಸುಸೂತ್ರವಾಗಿಯೇ ಇರುತ್ತಿತ್ತು, ಆದರೆ ಮಹಾರಾಜರ ಅಜ್ಜಿಯೊಬ್ಬರು ಎಡವಟ್ಟು ಮಾಡಿ ಹೋಗಿದ್ದರು. ದೊಡ್ಡಮ್ಮಣ್ಣಿಯವರು ಯಾರನ್ನೂ ನಂಬದ ಹೆಂಗಸು. ಮೊಮ್ಮಗನನ್ನಂತೂ ತೊಟ್ಟಿಲಲ್ಲಿ ನೋಡಿದಾಗಲೇ ನಂಬಿರಲಿಲ್ಲ. ಸಾಯುವ ಮೊದಲು ಆಕೆ ಒಂದು ಶಾಸನ ಕೊರೆಸಿದ್ದರು: 'ದರ್ಪಣ ನೋಡಿದವರು ಬರೆದ ಓಲೆಗಳನ್ನು ದರ್ಪಣದವರು ಜೋಪಾನವಾಗಿ ಇಡತಕ್ಕದ್ದು. ಹಗಲು ಹೊತ್ತಿನಲ್ಲಿ ಯಾರು ಬೇಕಾದರೂ, ಕಾರಣ ಹೇಳದೆ, ತೆಗೆದು ಓದಬಹುದು.' ಈ ಶಾಸನ ಮುರಿದ ದಿನ ಸಿಂಹಾಸನದ ಕಾಲು ಮುರಿಯುತ್ತದೆ ಎಂದು ಆಸ್ಥಾನ ಜೋಯಿಸರು ಬೇರೆ ಹೇಳಿಬಿಟ್ಟಿದ್ದರು. ಹಾಗಾಗಿ ಚೌಕದ ಮೂಲೆಯ ಓಲೆಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಇಲಿಕಾಟ ಎಂದು ಓಲೆಗಳನ್ನು ಅರಮನೆ ಅಡುಗೆಮನೆಯ ಹಳೆಯ ಉಪ್ಪಿನಕಾಯಿ ಜಾಡಿಗಳಲ್ಲಿ ತುಂಬಿಡುತ್ತಿದ್ದರು. ಭಲೇಪುರದ ಪ್ರಜಾಭಿಪ್ರಾಯಕ್ಕೆ ಯಾವಾಗಲೂ ಒಂದಿಷ್ಟು ಮಾವಿನಕಾಯಿ ಖಾರದ ವಾಸನೆ ಇರುತ್ತಿತ್ತು.

ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ನಾವಾದರೂ ಹೋಗುತ್ತೇವೆಯೇ?

ಮೊದಲು ಹೋದವಳು ಹೂಗಾರ ಬೀದಿಯ ಮಲ್ಲಾಜಮ್ಮ. ಅವಳ ಒಬ್ಬಳೇ ಮಗಳು ಕೆಂಪಾಜಿ ತಿಂಗಳಿಂದ ಉಂಡದ್ದನ್ನೆಲ್ಲ ಕಕ್ಕಿ ಕಡ್ಡಿಯಾಗಿದ್ದಳು. ಮಲ್ಲಾಜಮ್ಮ ದರ್ಪಣಕ್ಕೆ ಓಲೆ ಬರೆದಳು: ನೀರು ಚೆನ್ನಾಗಿದೆ ಅನ್ನುತ್ತೀರಿ, ನನ್ನ ಮಗಳು ಸಾಯುತ್ತಿದ್ದಾಳೆ. ಇಲಾಖೆಯಿಂದ ಮುದ್ರೆ ಒತ್ತಿದ ಉತ್ತರ ಬಂತು: 'ತಮ್ಮ ಅಮೂಲ್ಯ ಫೀಡ್‌ಬ್ಯಾಕ್‌ಗೆ ಧನ್ಯವಾದಗಳು. ತಮ್ಮ ಮನೆಯೊಂದನ್ನು ಬಿಟ್ಟು ಬೇರೆಲ್ಲಿಂದಲೂ ಇಂಥ ದೂರು ಬಂದಿರುವುದಿಲ್ಲ. ಕೆರೆಯ ನೀರಿನಿಂದ ಚೆನ್ನಾಗಿ ಕೈ ತೊಳೆದುಕೊಳ್ಳತಕ್ಕದ್ದು.'

ತನ್ನ ಮನೆಯೊಂದೇ!  ಯಾರ ಕಣ್ಣು ತಗುಲಿತೋ, ತಾನೇ ಏನು ತಪ್ಪು ಮಾಡಿದೆನೋ ಎಂದು ಮಲ್ಲಾಜಮ್ಮ ಒಂದು ವಾರ ಅತ್ತಳು. ಆಮೇಲೆ ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಓಲೆಮನೆಗೆ ಬಂದು, ಕೈಗೆ ಸಿಕ್ಕ ಜಾಡಿಯ ಮುಚ್ಚಳ ತೆಗೆದು ಓದಲು ಕೂತಳು. ದರ್ಜಿ ಬೀದಿಯ ಸಿದ್ದೋಜಿಯ ಮಗನಿಗೆ ವಾಂತಿ. ಕುಂಬಾರಗೇರಿಯಲ್ಲಿ ಮನೆಗೊಂದು ಮಗುವಿಗೆ ವಾಂತಿ. ಕೋಟೆ ಬಾಗಿಲಿನ ಹತ್ತಿರ ಎಮ್ಮೆಗೂ ವಾಂತಿ. ಪ್ರತಿಯೊಂದು ಓಲೆಯ ಬೆನ್ನಿಗೂ ಇಲಾಖೆಯವರು ಒಂದೇ ಉತ್ತರದ ನಕಲು ಅಂಟಿಸಿದ್ದರು: ತಮ್ಮ ಮನೆಯೊಂದನ್ನು ಬಿಟ್ಟು.

ಮಲ್ಲಾಜಮ್ಮ ಗಟ್ಟಿಯಾಗಿ ಅತ್ತಳು. ಸಂತೋಷಕ್ಕೆ ಅತ್ತಳೆಂದರೆ ನೀವು ನಂಬಬೇಕು. ನೇರ ಸಿದ್ದೋಜಿಯ ಅಂಗಡಿಗೆ ಹೋಗಿ, "ನಿಮ್ಮನೆ ಮಗೀಗೂ ಹಿಂಗೇನಾ? ನನ್ನೊಬ್ಬಳಿಗೇ ಅಂದ್ಕಂಡು ಸತ್ತೋಗಿದ್ನಲ್ಲೋ ತಮ್ಮಾ!" ಎಂದಳು.

"ಅಯ್ಯೋ ಅಕ್ಕಾ, ನಾನೂ ಹಂಗೇ ಅಂದ್ಕಂಡಿದ್ದೆ," ಎಂದ ಸಿದ್ದೋಜಿ. "ಹೆಂಡ್ತಿ ಅಡುಗೆ ಮೇಲೆ ಜಗಳ ಆಡಿ ಅವಳು ತವರಿಗೆ ಹೋಗವ್ಳೆ."

ಮಾರನೆಯ ದಿನದಿಂದ ಓಲೆಮನೆಯಲ್ಲಿ ಜನವೋ ಜನ. ಓದು ಬಾರದವರಿಗೆ ಬಂದವರು ಓದಿ ಹೇಳಿದರು. ಸಂಜೆ ದರ್ಪಣದ ಮುಂದೆ ನಾಯಿ ಮಾತ್ರ ಮಲಗಿರುತ್ತಿತ್ತು, ರೇಟಿಂಗ್ ನೆಲಕಚ್ಚಿತು. ಹೆಂಗಸರು ಕೆರೆಯನ್ನು ಬಿಟ್ಟು ಗುಡ್ಡದಾಚೆಯ ಬಾವಿಯಿಂದ ನೀರು ಹೊತ್ತರು. ಸೊಂಟ ಬಿದ್ದುಹೋಯಿತು, ಆದರೆ ಮಕ್ಕಳ ವಾಂತಿ ನಿಂತಿತು. ಕೆಂಪಾಜಿಯ ಕೆನ್ನೆ ಮತ್ತೆ ತುಂಬಿಕೊಂಡಿತು. ಬೇಸಿಗೆಗೆ ಆ ಬಾವಿ ಬತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಷ್ಟರೊಳಗೆ ಕಡಾಯಿಗಳನ್ನು ಕೆರೆಯ ದಂಡೆಯಿಂದ ಎತ್ತಿಸಲೇಬೇಕಿತ್ತು.

ಮಹಾರಾಜರು 'ಪ್ರಜೆಯೊಂದಿಗೆ ಪ್ರಭು' ಎಂಬ ನೇರ ಪ್ರಸಾರಕ್ಕೆ ಚೌಕಕ್ಕೆ ಚಿತ್ತೈಸಿದಾಗ ಮಲ್ಲಾಜಮ್ಮ ಎದ್ದು ನಿಂತು ಕೇಳಿಯೇಬಿಟ್ಟಳು. "ಬುದ್ಧೀ, ನಿಮ್ಮ ಬಣ್ಣದ ನೀರು ಕುಡಿದು ಮಕ್ಕಳು ಸಾಯೋ ಹಂಗಾಗಿದ್ರು. ಓಲೆಮನೆ ಜಾಡಿಲಿ ಎಲ್ಲಾ ಐತೆ."

ಮಹಾರಾಜರು ಮೀಸೆಯ ಮೇಲೆ ಕೈಯಾಡಿಸಿದರು. "ಎಲೈ ಸಾಧ್ವಿಯೇ, ನಾಳೆ ನಮ್ಮ ಸಮ್ಮುಖದಲ್ಲಿ ಆ ಓಲೆಗಳನ್ನು ತೆಗೆದು ಓದು. ನೀನು ಹೇಳಿದಂತೆಯೇ ಇದ್ದರೆ ಕಡಾಯಿಗಳನ್ನು ಆ ಕ್ಷಣವೇ ಒಡೆಸುತ್ತೇವೆ. ಇದು ರಾಜವಾಕ್ಯ!"

ಜನ ಜಯಕಾರ ಹಾಕಿದರು. ತುತ್ತೂರಯ್ಯನವರು ಬ್ರೇಕ್ ಕೊಡುವಷ್ಟರಲ್ಲಿ ಮಾತು ಊರೆಲ್ಲ ಹರಡಿಯಾಗಿತ್ತು.

ಅರಮನೆಗೆ ಮರಳಿದ ಮೇಲೆ ಮಹಾರಾಜರು ಕೇಳಿದರು, "ತುತ್ತೂರಯ್ಯ, ನಮ್ಮ ಡೈಲಾಗ್ ಹೇಗಿತ್ತು?"

"ಪ್ರಭು, ಮೈ ಜುಮ್ಮೆಂದಿತು."

"ಅಂದ ಹಾಗೆ, ಓಲೆಗಳಲ್ಲಿ ಅವಳು ಹೇಳಿದ ಹಾಗೆಯೇ ಇದೆಯೋ?"

"ಅಕ್ಷರಶಃ ಹಾಗೆಯೇ ಇದೆ, ಪ್ರಭು. ಮೈ ಜುಮ್ಮೆಂದದ್ದು ಅದಕ್ಕೇ."

ಮಹಾರಾಜರು ಬೆವರಿದರು. "ಸುಟ್ಟುಬಿಡಿ. ಇಲ್ಲವೇ ಬೀಗ ಜಡಿಯಿರಿ."

"ಶಾಸನವಿದೆ, ಪ್ರಭು." ಇಬ್ಬರೂ ಸಿಂಹಾಸನದ ಕಾಲನ್ನು ನೋಡಿದರು. ತುತ್ತೂರಯ್ಯನವರು ದನಿ ತಗ್ಗಿಸಿ ಹೇಳಿದರು, "ಓದಬೇಡಿ ಅಂದರೆ ಈ ಜನ ಗೋಡೆ ಹಾರಿ ಬಂದು ಓದುತ್ತಾರೆ. ಕೈಮುಗಿಯಿರಿ ಅಂದು ನೋಡಿ, ತಾವಾಗಿಯೇ ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೂವು, ಮಾವಿನ ಸೊಪ್ಪು, ತೆಂಗಿನಕಾಯಿ ಸ್ಯಾಂಕ್ಷನ್ ಆಗಬೇಕು."

"ಭಲೇ!" ಎಂದರು ಮಹಾರಾಜರು. ಊರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಅಂದು ಹೂಗಾರ ಬೀದಿಗೆ ಅರಮನೆಯಿಂದ ದೊಡ್ಡ ಆರ್ಡರ್ ಬಂತು. ನಾಳೆ ಕಡಾಯಿ ಒಡೆಯುವ ಸಂಭ್ರಮಕ್ಕಿರಬೇಕು ಎಂದುಕೊಂಡು ಮಲ್ಲಾಜಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡು ಗುನುಗುತ್ತ ಮಾರುಗಟ್ಟಲೆ ಮಲ್ಲಿಗೆ ಕಟ್ಟಿದಳು.

ಬೆಳಿಗ್ಗೆ ಮಗಳ ಕೈ ಹಿಡಿದು ಓಲೆಮನೆಗೆ ಬಂದರೆ ಅದು ಓಲೆಮನೆಯ ಹಾಗೆಯೇ ಇರಲಿಲ್ಲ. ಬಾಗಿಲಿಗೆ ತೋರಣ. ಮೇಲೆ ಬೋರ್ಡು: 'ಶ್ರೀ ಓಲೆಯಮ್ಮನವರ ಸನ್ನಿಧಿ. ಎಲ್ಲರಿಗೂ ಮುಕ್ತ ಪ್ರವೇಶ.' ಒಳಗೆ ಜಾಡಿಗಳು ಸಾಲಾಗಿ ಕೂತಿದ್ದವು. ಪ್ರತಿ ಜಾಡಿಗೂ ಅರಿಸಿನದ ದಾರ ಸುತ್ತಿ, ಕುಂಕುಮ ಇಟ್ಟು, ಬಾಯಿಗೆ ಮಾವಿನೆಲೆ ಜೋಡಿಸಿ, ಮೇಲೆ ತೆಂಗಿನಕಾಯಿ ಕೂರಿಸಿದ್ದರು. ಕತ್ತಿನಲ್ಲಿ ಮಲ್ಲಾಜಮ್ಮ ಕಟ್ಟಿದ ಮಲ್ಲಿಗೆ. ಜಾಡಿಗಳು ಕಲಶಗಳಾಗಿದ್ದವು. ಪಟ್ಟೆಮಡಿ ಉಟ್ಟು, ಬರಿಮೈಗೆ ಶಾಲು ಹೊದ್ದು ಗಂಟೆ ಅಲ್ಲಾಡಿಸುತ್ತಿದ್ದವರು ಸಾಕ್ಷಾತ್ ಪ್ರಸಾರಾಮಾತ್ಯರು. ಎದುರಿಗೆ ಅರಮನೆಯಿಂದ ಹೊತ್ತು ತಂದ ಸಿಂಹಾಸನದಲ್ಲಿ ಮಹಾರಾಜರು, ಹೊರಗೆ ದರ್ಪಣದ ಪರಿವಾರ, ಬಾಗಿಲಾಚೆ ಕೈಮುಗಿದು ನಿಂತ ಇಡೀ ಊರು.

"ಓದಮ್ಮ, ಕಾಯುತ್ತಿದ್ದೇವೆ," ಎಂದರು ಮಹಾರಾಜರು.

"ಸ್ವಾಮೀ, ಈ ಜಾಡಿ ತೆಗೀಬೇಕಲ್ಲ," ಎಂದಳು ಮಲ್ಲಾಜಮ್ಮ.

"ಧಾರಾಳವಾಗಿ ತೆಗಿಯಮ್ಮ," ಎಂದರು ತುತ್ತೂರಯ್ಯ. "ಶಾಸನ ಇದೆ, ತಡೆಯೋಕೆ ನಾನ್ಯಾರು? ಪ್ರತಿಷ್ಠೆ ಆಗಿರೋ ಕಲಶ, ಅಷ್ಟೆ. ಕದಲಿಸಿದರೆ ಮನೆ ಮಕ್ಕಳಿಗೆ ಆಗಿಬರಲ್ಲ ಅಂತ ಹೇಳ್ತಾರೆ. ನಾನು ಹೇಳ್ತಿಲ್ಲ. ಹೇಳ್ತಾರೆ."

ಮಲ್ಲಾಜಮ್ಮ ಕೈ ಚಾಚಿದಳು. ಬೆರಳು ತೆಂಗಿನಕಾಯಿಯ ಜುಟ್ಟಿಗೆ ತಗುಲಿತು. ಹೊರಗಿನಿಂದ "ಅಯ್ಯಯ್ಯೋ!" ಎಂಬ ಉದ್ಗಾರ ಎದ್ದಿತು. ಯಾರೋ ಓಡಿಬಂದು ಅವಳ ಮಣಿಕಟ್ಟು ಹಿಡಿದರು. ನೋಡಿದರೆ ಸಿದ್ದೋಜಿ.

"ಬ್ಯಾಡ ಕಣಕ್ಕಾ. ಮಕ್ಕಳೊಂದಿಗರು ನಾವು."

"ಮಕ್ಕಳಿಗೋಸ್ಕರನೇ ಕಣೋ ಬಂದಿರೋದು! ಇದರೊಳಗೆ ನೀನು ಬರೆದಿದ್ದೂ ಐತಲ್ಲೋ!"

"ಐತೆ ಕಣಕ್ಕಾ," ಎಂದ ಸಿದ್ದೋಜಿ, ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತ. "ಅದಕ್ಕೇ ಕೈ ಮುಗಿದೆ."

ಮಲ್ಲಾಜಮ್ಮ ಜಾಡಿ ನೋಡಿದಳು, ಮಗಳನ್ನು ನೋಡಿದಳು.  ತೆಂಗಿನಕಾಯಿಯ ಮೇಲಿದ್ದ ಕೈ ಹಿಂದಕ್ಕೆ ಬಂದು, ಅವಳನ್ನು ಕೇಳದೆಯೇ ಇನ್ನೊಂದು ಕೈಗೆ ಸೇರಿಕೊಂಡು ಮುಗಿಯಿತು. ನಗಬೇಡಿ. ನೀವಾಗಿದ್ದರೆ ತೆಗೆಯುತ್ತಿದ್ದಿರೇನು? ಮಕ್ಕಳಿರುವ ನಾನಂತೂ ತೆಗೆಯುತ್ತಿರಲಿಲ್ಲ, ಪೇಪರಿನಲ್ಲಿ ಎಷ್ಟೇ ಶೂರನಂತೆ ಬರೆದರೂ.

ಮಹಾರಾಜರು ಎದ್ದು ನಿಂತು ಘೋಷಿಸಿದರು: "ಪ್ರಜೆಗಳೇ, ಅವಕಾಶ ಕೊಟ್ಟೆವು. ಒಂದು ದೂರನ್ನೂ ಯಾರೂ ಓದಲಿಲ್ಲ. ಓದದ ದೂರು ಇಲ್ಲದ ದೂರು. ಆದ್ದರಿಂದ ಕೆರೆ ಶುದ್ಧ." ಜೋಯಿಸರು ಬಗ್ಗಿ ಸಿಂಹಾಸನದ ಕಾಲು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಶಾಸನವನ್ನು ಇಷ್ಟು ಭಕ್ತಿಯಿಂದ ಪಾಲಿಸಿದ್ದಕ್ಕೆ ಮಹಾರಾಜರಿಗೆ 'ಓಲೆವತ್ಸಲ' ಎಂಬ ಬಿರುದು ಸ್ಥಳದಲ್ಲೇ ಪ್ರದಾನವಾಯಿತು. ಬಿರುದಿಗೆ ತಕ್ಕ ಹೊಸ ಬ್ಯಾನರುಗಳು ಬೇಕಾದ್ದರಿಂದ ದಂಡೆಯ ಮೇಲೆ ಇನ್ನಷ್ಟು ಕಡಾಯಿ ಹೂಡುವಂತೆ ಅಪ್ಪಣೆಯೂ ಆಯಿತು.

ಮಂಗಳಾರತಿ ಮುಗಿದು ತೀರ್ಥ ಬಂತು. ಕೆರೆಯಿಂದ ಆಗಷ್ಟೇ ತಂದ ತಂಬಿಗೆ. ತುತ್ತೂರಯ್ಯನವರು ಮಲ್ಲಾಜಮ್ಮನ ಅಂಗೈಗೆ ಉದ್ಧರಣೆಯಿಂದ ನೀರು ಹಾಕಿದರು. ಅಂಗೈಯಲ್ಲಿ ನೀರು ತಿಳಿನೀಲಿಯಾಗಿತ್ತು.

"ಸ್ವಾಮೀ, ನೀಲಿ..." ಎಂದಳು.

"ಆಕಾಶದ ಪ್ರತಿಬಿಂಬ ತಾಯಿ, ತಗೋ."

ಮಲ್ಲಾಜಮ್ಮ ತಲೆಯೆತ್ತಿ ನೋಡಿದಳು. ಮೇಲೆ ಹೊಗೆ ಹಿಡಿದ ಹೆಂಚಿನ ಮಾಡು ಇತ್ತು. ಅವಳು ನೀರನ್ನು ಸೆರಗಿಗೆ ಒರೆಸಿಕೊಂಡು ಮಗಳತ್ತ ತಿರುಗುವಷ್ಟರಲ್ಲಿ ಕೆಂಪಾಜಿ, ಮನೆಯಲ್ಲಿ ಕಲಿಸಿದ ಹಾಗೆಯೇ ಬಲಗೈ ಚಾಚಿ, ತೀರ್ಥ ಹೀರಿ, ಕೈಯನ್ನು ನೆತ್ತಿಗೆ ಸವರಿಕೊಂಡಿದ್ದಳು. ಜಾಣೆ ಹುಡುಗಿ.

ಅಂದು ಸಂಜೆ ದರ್ಪಣದ ತುಂಬ ಕೆಂಪಾಜಿಯದೇ ಕ್ಲೋಸ್‌ಅಪ್. 'ಮಕ್ಕಳೂ ಮೆಚ್ಚಿದ ನೀರು' ಎಂದು ಕೆಳಗೆ ಅಕ್ಷರ ಓಡುತ್ತಿತ್ತು. ಚೌಕದಲ್ಲಿ ಮತ್ತೆ ಜನ ಕಿಕ್ಕಿರಿದಿದ್ದರು. ತಮ್ಮೂರ ಹುಡುಗಿ ಎಷ್ಟು ಲಕ್ಷಣವಾಗಿ ಕಾಣುತ್ತಾಳೆ ಎಂದು ಮೆಚ್ಚಿಕೊಂಡರು. ಮಲ್ಲಾಜಮ್ಮ ಅದನ್ನು ನೋಡಲಿಲ್ಲ. ಅವಳು ಮನೆಯಲ್ಲಿ ಮಗಳ ಬಾಯಿಯ ಕೆಳಗೆ ಬೋಗುಣಿ ಹಿಡಿದು ಕೂತಿದ್ದಳು.