ಸಮರಖಂಡದಲ್ಲಿ ಚಪ್ಪಲಿ ಕಾದದ್ದು

ಪ್ರತಿ ಮನೆಯಲ್ಲೂ ಚಪ್ಪಲಿ ಕಾಯಲೆಂದೇ ಹುಟ್ಟಿದ ಒಂದು ಪ್ರಾಣಿ ಇರುತ್ತದೆ. ದೇವಸ್ಥಾನವಿರಲಿ, ಮಠವಿರಲಿ, ಬಾಗಿಲಿಗೆ ಬಂದ ಕೂಡಲೇ ಎಲ್ಲರ ಕಣ್ಣೂ ತಾನಾಗಿಯೇ ಅದರ ಕಡೆಗೆ ತಿರುಗುತ್ತದೆ. ಅದನ್ನು ಯಾರೂ ಆರಿಸಿರುವುದಿಲ್ಲ, ಅದೂ ಅರ್ಜಿ ಹಾಕಿರುವುದಿಲ್ಲ. "ನೀನು ಇಲ್ಲೇ ಇರಪ್ಪಾ, ಹಿಂಗ್ ಹೋಗಿ ಹಂಗ್ ಬರ್ತೀವಿ" ಎಂದು ಎಲ್ಲರೂ ಒಳಗೆ ನಡೆಯುತ್ತಾರೆ. ಹಿಂಗೆ ಹೋದವರು ಹಂಗೆ ಬರುವಷ್ಟರಲ್ಲಿ ಆ ಪ್ರಾಣಿಗೆ ಗಡ್ಡ ಬಂದಿರುತ್ತದೆ. ನಮ್ಮ ಮನೆಯಲ್ಲಿ ಆ ಪ್ರಾಣಿ ನಾನು. ನನ್ನ ವಾರಿಗೆಯ ಬೇರೆಯವರು ತಮ್ಮ ಬಡಾವಣೆಯ ದೇವಸ್ಥಾನದ ಮುಂದೆ ಕಾದಿರಬಹುದು. ನಾನು ಎರಡು ಖಂಡಗಳಲ್ಲಿ ಕಾದಿದ್ದೇನೆ. ಇದು ಜಂಬವಲ್ಲ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ.

ಬಾಗಿಲಲ್ಲಿ ಕೂತವನಿಗೆ ನೋಡಲು ಏನೂ ಇರುವುದಿಲ್ಲ, ಕೇಳಲು ಮಾತ್ರ ಬೇಕಾದಷ್ಟು ಇರುತ್ತದೆ. ಹೂವಿನವಳ ಕೂಗು, ಪ್ರಸಾದ ಸಾಲಲಿಲ್ಲವೆಂದು ಗೊಣಗುವ ಅಂಕಲ್ಲು, "ನಿಮ್ಮಮ್ಮನ ಹತ್ರ ಹೇಳ್ತೀನಿ ಇರು" ಎಂದು ಗಂಡನನ್ನೇ ಹೆದರಿಸುವ ಆಂಟಿ. ಹಾಗೆ ಕೇಳಿ ಕೇಳಿಯೇ ನನಗೆ ಮಿಮಿಕ್ರಿ ಬಂತು. ಈಗ ಅದೇ ನನ್ನ ಹೊಟ್ಟೆಪಾಡು. ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು, ಹುಡುಗನ ಕಡೆಯವರ ದನಿಯಲ್ಲಿ ಹುಡುಗಿಯ ಕಡೆಯವರನ್ನೂ, ಹುಡುಗಿಯ ಕಡೆಯವರ ದನಿಯಲ್ಲಿ ಹುಡುಗನ ಕಡೆಯವರನ್ನೂ ಆಡಿಕೊಂಡು, ಎರಡೂ ಕಡೆಯವರು ನನ್ನನ್ನು ಹುಡುಕುವಷ್ಟರಲ್ಲಿ ಊಟ ಮಾಡಿ ಹೊರಡುತ್ತೇನೆ. ಒಮ್ಮೆ ಮೆಟ್ರೋದಲ್ಲಿ ಗೆಳೆಯನನ್ನು ನಗಿಸಲು, ನಿಲ್ದಾಣದ ಹೆಸರು ಕೂಗುವ ಆ ಹೆಣ್ಣುದನಿಯಲ್ಲೇ "ಮುಂದಿನ ನಿಲ್ದಾಣ, ಅತ್ತಿಗುಪ್ಪೆ" ಎಂದೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಧಡಕ್ಕನೆ ಎದ್ದು ಒಂದು ನಿಲ್ದಾಣ ಮೊದಲೇ, ವಿಜಯನಗರದಲ್ಲೇ ಇಳಿದುಬಿಟ್ಟರು. ಬಾಗಿಲು ಮುಚ್ಚಿಕೊಳ್ಳುವಾಗ ಅವರು ಗಾಜಿನಾಚೆಯಿಂದ ಬೈದದ್ದು ಕೇಳಿಸಲಿಲ್ಲ, ಕಾಣಿಸಿತು. ಅದನ್ನೂ ಈಗ ಮಾಡಿ ತೋರಿಸುತ್ತೇನೆ. "ಎಲ್ಲರ ದನೀನೂ ಸರಿ ಮಗಾ, ನಿನ್ನ ದನಿ ಯಾವ್ದು?" ಎಂದು ಗೆಳೆಯ ಕೇಳಿದಾಗ ಮಾತ್ರ ಸ್ವಲ್ಪ ತಡವರಿಸಬೇಕಾಯಿತು.

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಮೇಲೆ ದೊಡ್ಡಮ್ಮ ಇದ್ದಾರೆ. ಅಮ್ಮನ ಅಕ್ಕ. ರಾಣೆಬೆನ್ನೂರಿನ ಕಡೆಯಿಂದ ಬಂದು, ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಮಾನವಿಡೀ ಸಮಾಜ ಪಾಠ ಹೇಳಿ ನಿವೃತ್ತರಾದವರು. ಊರು ಬಿಟ್ಟು ಎಷ್ಟೋ ಕಾಲವಾದರೂ ಊರಿನ ಮಾತು ಬಿಟ್ಟಿಲ್ಲ. ಅವರ ಜೊತೆಯ ಟೀಚರುಗಳೆಲ್ಲ ನಿವೃತ್ತಿಯಾದ ಮೇಲೆ ಸಿಂಗಾಪುರಕ್ಕೆ ಹೋಗಿ ಬಂದರು. ದೊಡ್ಡಮ್ಮ ಒಪ್ಪಲಿಲ್ಲ. "ಮಾಲ್ ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ಮಾಗಡಿ ರೋಡಿನಾಗ ಇಲ್ಲೇನು?" ಎಂದರು. ಅವರಿಗೆ ಬೇಕಾದದ್ದು ಬೆತ್ತದ ತುದಿಯಿಂದ ನಕಾಶೆಯ ಮೇಲೆ ತಾವು ಮುಟ್ಟಿ ತೋರಿಸಿದ ಜಾಗಗಳು. ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ ಊರುಗಳೆಲ್ಲ ನಿಜವಾಗಿ ಇವೆಯೋ ಇಲ್ಲವೋ ಎಂದು ಒಮ್ಮೆ ತನಿಖೆ ಮಾಡಿ ಬರಬೇಕು. ಜೊತೆಗೆ ಸೂಟ್‌ಕೇಸು ಎಳೆಯಲು, ಎಡಬಲ ಹೇಳಲು ಒಬ್ಬ ಬೇಕಲ್ಲ? ಮದುವೆಯ ಹಂಗಾಮು ಮುಗಿದರೆ ಖಾಲಿ ಕೂರುವ ನಾನಿದ್ದೆ. ಹೀಗೆ ಅವರ ಪೆನ್ಷನ್ನಿನ ಪುಣ್ಯದಿಂದ ಕಾಂಬೋಡಿಯಾ, ಈಜಿಪ್ಟು, ಟರ್ಕಿಗಳಿಗೆ ನನ್ನ ಸವಾರಿ ಹೋಯಿತು.

ಹೋಯಿತು ಎಂದೆನೇ ಹೊರತು ನೋಡಿದೆ ಎನ್ನಲಿಲ್ಲ, ಗಮನಿಸಿ. ಮೊದಲ ದಿನವೇ, ಕಾಂಬೋಡಿಯಾದ ಕಾಡಿನೊಳಗಿನ ಆ ಮಹಾ ದೇಗುಲದ ಮುಂದೆ, ದೊಡ್ಡಮ್ಮ ಚಪ್ಪಲಿ ಬಿಟ್ಟರು. ಜಗತ್ತೆಲ್ಲ ಬೂಟು ಹಾಕಿಕೊಂಡು ಒಳಗೆ ನುಗ್ಗುತ್ತಿದೆ, ಗೈಡು "ನೋ ನೀಡ್, ನೋ ನೀಡ್" ಎಂದು ಕೈಯಾಡಿಸುತ್ತಿದ್ದಾನೆ. ಇವರು ಕಾಲುಚೀಲವನ್ನೂ ಕಳಚಿ, ಮಡಚಿ, ಚಪ್ಪಲಿಯೊಳಗಿಟ್ಟು, ನನ್ನ ಕಡೆ ತಿರುಗಿ, ಆ ಸನಾತನ ವಾಕ್ಯವನ್ನೇ ಹೇಳಿದರು: "ನೀ ಇಲ್ಲೇ ಇರು." ಈಜಿಪ್ಟಿನಲ್ಲಿ ಮುಗಿಲೆತ್ತರದ ಕಂಬಗಳ ನಡುವೆಯೂ ಅದೇ ಆಯಿತು. ಟರ್ಕಿಯಲ್ಲಿ ನೆಲದಡಿಯ ಊರಿಗೆ ಇಳಿಯುವಾಗ, "ಇದು ದೇವಸ್ಥಾನ ಅಲ್ಲ ದೊಡ್ಡಮ್ಮ, ಜನ ಬಚ್ಚಿಟ್ಕೊಳ್ತಿದ್ದ ಗವಿ" ಎಂದೆ. "ಪಾತಾಳಕ್ಕ ಯಾರರ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನಲೇ?" ಎಂದು ಇಳಿದೇಬಿಟ್ಟರು. ನಾನು ಪಾತಾಳದ ಬಾಯಲ್ಲಿ ಕೂತು ಏಪ್ರಿಕಾಟ್ ತಿಂದೆ.

ವಾದ ಮಾಡಲಿಲ್ಲವೆಂದಲ್ಲ. ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಇಬ್ಬರೂ ಒಳಗೆ ಹೋಗೋಣ ಎಂದೆ. "ಚೀಲದಾಗ ಇಟ್ಕೊಂಡು ಹೋದ್ರ ಹಾಕ್ಕೊಂಡು ಹೋದಂಗ ಆತು. ಏನ್ ಫರಕೈತಿ?" ಎಂದರು. ಅಲ್ಲೇ ಬಿಟ್ಟು ಹೋಗೋಣ, ಯಾರು ಮುಟ್ಟುತ್ತಾರೆ ಎಂದೆ. ಹಿಂದೊಮ್ಮೆ ಜಾತ್ರೆಯಲ್ಲಿ ಚಪ್ಪಲಿ ಕಳೆದುಕೊಂಡು, ಬಿಸಿಲಿಗೆ ಕಾದ ರಸ್ತೆಯಲ್ಲಿ ಕುಣಿಯುತ್ತಾ ಮನೆಗೆ ಬಂದ ಕಥೆ ಹೇಳಿದರು. ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ. "ಕೊರಳಲ್ಲೇ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಕಲ್ಲುದೇವರಿಗೆ ಕೈ ಮುಗಿಯದ ನೀವು ಯಾರದೋ ದೇಶದ ಕಲ್ಲಿಗೆ ಯಾಕೆ ಚಪ್ಪಲಿ ಬಿಡ್ತೀರಿ?" ದೊಡ್ಡಮ್ಮ ನನ್ನನ್ನು ಹಿಂದಿನ ಬೆಂಚಿನ ಹುಡುಗಿಯನ್ನು ನೋಡುವಂತೆ ನೋಡಿದರು. "ದೇವರಿಗಲ್ಲಲೇ. ಆ ಕಲ್ಲು ಹೊತ್ತೋರಿಗೆ. ಅವ್ರು ಬರಿಗಾಲಾಗ ಹೊತ್ತಾರ. ನಾ ಬೂಟು ಹಾಕ್ಕೊಂಡು ಅದರ ಮ್ಯಾಲ ಅಡ್ಡಾಡಲೇನು?" ನಾನು ಸೋತಾಗ ಮಾಡುವುದನ್ನೇ ಮಾಡಿದೆ. ಬೆಂಗಳೂರಿಗೆ ಬಂದು ಆ ಮಾತನ್ನು ಅವರದೇ ದನಿಯಲ್ಲಿ ಆಡಿ ನಾಲ್ಕು ಆರತಕ್ಷತೆಗಳಲ್ಲಿ ಚಪ್ಪಾಳೆ ತೆಗೆದುಕೊಂಡೆ.

ಅಷ್ಟರಲ್ಲಿ ಅವರ ಮಂಡಿ ಕೈಕೊಟ್ಟಿತು. ಎರಡೂ ಚಿಪ್ಪು ಬದಲಾಯಿಸಬೇಕು, ಅಲ್ಲಿಯವರೆಗೆ ಮೆಟ್ಟಿಲು ಮುಟ್ಟಬೇಡಿ ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತುಮಾಡಿ ಮನೆಗೆ ಬಂದ ದೊಡ್ಡಮ್ಮ, "ಅದಕ್ಕ ಮೊದಲ ಸಮರಖಂಡ" ಎಂದರು. ಅಮ್ಮ ಅತ್ತರು, ಅಪ್ಪ ಪೇಪರಿನ ಹಿಂದೆ ಅಡಗಿದರು. ದೊಡ್ಡಮ್ಮ ಕದಲಲಿಲ್ಲ. ಅದಕ್ಕೊಂದು ಕಾರಣವಿತ್ತು. ತೈಮೂರ ಆಳಿದ ಆ ಊರಿನಲ್ಲಿ ಗುಡ್ಡದ ಮೇಲೆ ಒಂದು ಸಮಾಧಿಗಳ ಓಣಿಯಿದೆ. ಎರಡೂ ಕಡೆ ನೀಲಿ ಹೆಂಚಿನ ಗೋಡೆ, ನೀಲಿ ಗುಮ್ಮಟ. ಶಾಲೆಯಲ್ಲಿ ತೈಮೂರನ ಪಾಠ ಬಂದಾಗಲೆಲ್ಲ ಅದನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದರಂತೆ. ಶಾಲೆ ಕೊಡುವುದು ಬಿಳಿ ಸೀಮೆಸುಣ್ಣ. ಇವರು ಅದೊಂದು ಪಾಠಕ್ಕೆಂದು ನೀಲಿಯದನ್ನು ಕೈಯಿಂದ ದುಡ್ಡು ಹಾಕಿ ತಂದು ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಡುತ್ತಿದ್ದರು. "ನಾ ಬರೆದಿದ್ದ ನೀಲಿ ಸರಿ ಇತ್ತೋ ಇಲ್ಲೋ, ಒಂದ್ ಸಲ ನೋಡಬೇಕು. ಅಷ್ಟು ಹುಡುಗ್ಯಾರಿಗೆ ತಪ್ಪು ಹೇಳಿಕೊಟ್ಟಿದ್ರ?" ಎಂದರು. ಹೊಸ ಮಂಡಿಯನ್ನು ನಂಬುವುದು ಹೇಗೆ, ಹಳೆಯದು ಇರುವಾಗಲೇ ನೋಡಿಬಿಡಬೇಕು. ಇದು ಅವರ ಲೆಕ್ಕ.

ಸಮರಖಂಡದ ಆ ಗುಡ್ಡದ ಬುಡದಲ್ಲಿ ನಮ್ಮ ಬಸ್ಸು ನಿಂತಿತು. ನಮ್ಮ ಗುಂಪಿನಲ್ಲಿ ನಂದಿನಿ ಲೇಔಟಿನ ಕಂಟ್ರಾಕ್ಟರ್ ಅಂಕಲ್ ಒಬ್ಬರಿದ್ದರು. ದೊಡ್ಡಮ್ಮ ಬಾಗಿಲ ಬಳಿ ಚಪ್ಪಲಿ ಬಿಡುವುದನ್ನೂ, ನಾನು ಅಭ್ಯಾಸಬಲದಿಂದ ಪಕ್ಕದ ಕಟ್ಟೆಯ ಮೇಲೆ ಕೂರುವುದನ್ನೂ ನೋಡಿ, "ಏನ್ ಗುರು, ಇಲ್ಲೂ ಅದೇ ಡ್ಯೂಟಿನಾ?" ಎಂದು ನಕ್ಕು ಮುಂದೆ ಹೋದರು. ಒಳಗೆ ಕಾಲಿಟ್ಟರೆ ಎದುರಿಗೇ ಕಡಿದಾದ ಮೆಟ್ಟಿಲು. ಓಣಿಯಿರುವುದು ಅದರ ತುದಿಯಲ್ಲಿ. ದೊಡ್ಡಮ್ಮ ಗೋಡೆ ಹಿಡಿದು ಒಂದು ಹತ್ತಿದರು. ಎರಡನೆಯದಕ್ಕೆ ಕಾಲೆತ್ತಿದರು, ಕಾಲು ಮೇಲೇಳಲಿಲ್ಲ. ನಾನು ಓಡಿ ಹೋಗಿ, "ಎತ್ಕೊಂಡು ಹೋಗ್ಲಾ?" ಎಂದೆ. "ನಾ ಏನು ಸಿಲಿಂಡರ್ರೇನೋ?" ಎಂದರು. ತಲೆಯೆತ್ತಿ ಮೇಲೆ ನೋಡಿದರು. ಅಲ್ಲಿಂದ ಕಾಣುವುದು ಒಂದು ಗುಮ್ಮಟದ ತುದಿ, ಅದೂ ಬೆಳಕಿಗೆ ಬೂದಿಯ ಬಣ್ಣ. ಅವರು ಹಿಂದಕ್ಕೆ ಬಂದು, ನನ್ನ ಜಾಗದಲ್ಲಿ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಪಾದ ಒರೆಸಿಕೊಂಡು ಹೇಳಿದರು: "ನೀ ಹೋಗಿ ನೋಡ್ಕೊಂಡು ಬಾ. ನಾ ಚಪ್ಪಲಿ ಕಾಯ್ತೀನಿ."

ಆ ವಾಕ್ಯವನ್ನು ಕೇಳಬೇಕೆಂದು ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಶೂ ಬಿಚ್ಚಿ ಅವರ ಚಪ್ಪಲಿಯ ಪಕ್ಕ ಇಟ್ಟೆ. ಬಿಚ್ಚು ಎಂದು ಅವರೇನೂ ಹೇಳಲಿಲ್ಲ. ದಡದಡ ಮೇಲೆ ಹತ್ತಿ, ಫೋನು ಎತ್ತಿ ಹಿಡಿದು, ಓಣಿಯ ಈ ತುದಿಯಿಂದ ಆ ತುದಿಗೆ ವಿಡಿಯೋ ಮಾಡಿಕೊಂಡು, ಅಷ್ಟೇ ವೇಗದಲ್ಲಿ ಇಳಿದು ಬಂದು ಮುಂದೆ ಹಿಡಿದೆ. ದೊಡ್ಡಮ್ಮ ಫೋನನ್ನು ಬದಿಗೆ ಸರಿಸಿದರು. "ಫೋನಿನಾಗ ಮನ್ಯಾಗ ಕುಂತು ನೋಡೇನಿ. ನೀ ಏನ್ ನೋಡಿದಿ, ಅದನ್ನ ಹೇಳು." ನಾನು ನೋಡಿದ್ದು ಬರೀ ನನ್ನ ಫೋನನ್ನು. "ಊರ ಮಂದೀನ ಅಣಕಿಸ್ತಿ. ನನ್ನನ್ನೂ ಅಣಕಿಸ್ತಿ, ಗೊತ್ತೈತಿ ನನಗ. ಈ ಓಣಿನೊಂದಿಷ್ಟು ಅಣಕಿಸಿ ತೋರ್ಸು ನೋಡೋಣ" ಎಂದರು. ಎರಡನೆಯ ಸಲ ಮೆಟ್ಟಿಲು ಹತ್ತಿದೆ. ಈ ಸಲ ನಿಧಾನವಾಗಿ. ಕಾಲಿಗೆ ಕಲ್ಲು ತಣ್ಣಗೆ ತಾಗುತ್ತಿತ್ತು, ನಡುನಡುವೆ ಸವೆದು ಗುಳಿ ಬಿದ್ದಿತ್ತು. ಬೂಟಿನೊಳಗಿನ ಕಾಲಿಗೆ ಆ ಗುಳಿ ಸಿಕ್ಕುತ್ತಿರಲಿಲ್ಲ.

ಇಳಿದು ಬಂದು ಕಟ್ಟೆಯ ಎದುರು ನೆಲದ ಮೇಲೆ ಕೂತು ಶುರುಮಾಡಿದೆ. ಮೊದಲು ಗೈಡು, "ಮೈ ಫ್ರೆಂಡ್ಸ್, ಫಾಸ್ಟ್ ಫಾಸ್ಟ್, ಬಸ್ ಈಸ್ ವೇಟಿಂಗ್!" ದೊಡ್ಡಮ್ಮ ನಕ್ಕರು. ನಂದಿನಿ ಲೇಔಟಿನ ಅಂಕಲ್ ಗೋಡೆಯನ್ನು ಬೆರಳಿನಿಂದ ತಟ್ಟಿ, "ಟೈಲ್ಸ್ ಫಿನಿಶಿಂಗ್ ಚೆನ್ನಾಗಿದೆ, ಯಾವ ಮೇಸ್ತ್ರಿನೋ" ಎಂದದ್ದು. ಆಮೇಲೆ ತಗ್ಗಿದ ಬಾಗಿಲಿನ ಒಂದು ಸಮಾಧಿಯೊಳಗೆ ತಲೆವಸ್ತ್ರದ ಮುದುಕಿಯರು ಕೂತು, ಅಂಗೈ ಮೇಲೆತ್ತಿ ಗುಣುಗುಡುತ್ತಿದ್ದದ್ದು. ಆ ಭಾಷೆ ನನಗೆ ಗೊತ್ತಿಲ್ಲ, ಆದರೆ ರಾಗ ಗೊತ್ತಿತ್ತು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ದೊಡ್ಡಮ್ಮನೇ ಎಳೆಯುವ ರಾಗ ಅದು. ಅವರು ಕಣ್ಣು ಮುಚ್ಚಿದರು. ಪಾರಿವಾಳ, ಗೋಡೆಗೆ ಬಡಿದು ಹಿಂದಿರುಗುವ ಹೆಜ್ಜೆಸದ್ದು, ಗಾಳಿ. ಕೊನೆಗೆ ದನಿಯೆಲ್ಲ ಮುಗಿಯಿತು. "ನೀಲಿ?" ಎಂದರು ಕಣ್ಣು ಮುಚ್ಚಿಕೊಂಡೇ.

ನೀಲಿಗೆ ದನಿ ಎಲ್ಲಿಂದ ತರಲಿ? ನನ್ನ ವಿದ್ಯೆ ಅಲ್ಲಿಗೆ ಮುಗಿದಿತ್ತು. ಯಾರ ದನಿಯೂ ಅಲ್ಲದ ಒಂದು ಪೀಚು ದನಿಯಲ್ಲಿ ಹೇಳಿದೆ. "ದೊಡ್ಡಮ್ಮ, ನೀವು ಬಿಳಿ ಸೀರೆಗೆ ನೀಲಿ ಹಾಕ್ತೀರಲ್ಲ, ಬಕೆಟ್ಟಿಗೆ ಮೊದಲನೇ ಹನಿ ಬೀಳತ್ತೆ. ಇನ್ನೂ ಕೈಯಾಡಿಸಿರಲ್ಲ. ಅದು ಎಳೆ ಎಳೆಯಾಗಿ ನೀರಲ್ಲಿ ಇಳೀತಾ ಇರತ್ತೆ. ಆ ನೀಲಿ. ಓಣಿ ಪೂರ್ತಿ." ದೊಡ್ಡಮ್ಮನ ಬಲಗೈ ಗಾಳಿಯಲ್ಲಿ ಎದ್ದು, ಬೋರ್ಡಿನ ಮೇಲೆ ಗುಮ್ಮಟ ಬಿಡಿಸುವಂತೆ ಅರ್ಧ ಸುತ್ತು ಸುತ್ತಿ ನಿಂತಿತು. "ಹಂಗಾರ ನನ್ನ ಸೀಮೆಸುಣ್ಣ ಸ್ವಲ್ಪ ತಿಳಿ ಆತು. ಆದ್ರೂ ಪಾಸು" ಎಂದರು.

ಅವರು ಕಣ್ಣು ತೆರೆದ ಮೇಲೆ ನಾನು ತಿರುಗಿ ನೋಡಿದರೆ ನನ್ನ ಒಂದು ಶೂ ಇರಲಿಲ್ಲ. ದೂರದ ರಸ್ತೆಯಂಚಿನಲ್ಲಿ ಒಂದು ಕಂದು ನಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು, ಯಾವ ಆತುರವೂ ಇಲ್ಲದೆ, ಪ್ರವಾಸಿಯ ಗತ್ತಿನಲ್ಲಿ ಹೋಗುತ್ತಿತ್ತು. ಇಷ್ಟು ವರ್ಷ ಕಾದ ನನ್ನ ಕೈಯಲ್ಲಿ ಒಂದು ಚಪ್ಪಲಿಯೂ ಹೋಗಿರಲಿಲ್ಲ. ಇವರು ಕಾದ ಮೊದಲ ದಿನವೇ ಹೀಗೆ. "ಕಾಯ್ತೀನಿ ಅಂದ್ರಲ್ಲ ದೊಡ್ಡಮ್ಮ!" ಎಂದೆ. ಅವರು ತಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಾವಿಬ್ರೂ ಒಳಗ ಇದ್ವಲ್ಲೋ, ಹೊರಗ ಕಾಯಾಕ ಯಾರಿದ್ರು?" ಎಂದರು.

ಹೋಟೆಲಿನ ಬಿಳಿ ಬಟ್ಟೆಯ ಚಪ್ಪಲಿಯಲ್ಲೇ ಬೆಂಗಳೂರಿಗೆ ಬಂದೆ. ಅಮ್ಮ ಮೊದಲು ಕೇಳಿದ್ದು ಶೂ ಎಲ್ಲಿ ಎಂದು. ಈಗ ದೊಡ್ಡಮ್ಮನಿಗೆ ಹೊಸ ಮಂಡಿ ಬಂದಿದೆ. ವರಾಂಡದಲ್ಲಿ ವಾಕರ್ ಹಿಡಿದು ಕವಾಯತು ಮಾಡುತ್ತಾ ಪೆರು ದೇಶದ ಬೆಟ್ಟದ ತುದಿಯಲ್ಲಿ ಕಲ್ಲಿನಲ್ಲೇ ಕಟ್ಟಿದ ಊರಿನ ಬಗ್ಗೆ ವಿಚಾರಿಸುತ್ತಿದ್ದಾರೆ. "ಅಲ್ಲಿ ಮೆಟ್ಟಿಲು ಭಾಳ ಅದಾವಂತ. ಎದಕ್ಕೂ ನೀ ಹತ್ತಿ ನೋಡ್ಕೊಂಡು ಬಂದು ಹೇಳಿಬಿಡು. ಚಪ್ಪಲಿ ನಾನ ಕಾಯ್ತೀನಿ" ಎನ್ನುತ್ತಾರೆ. ಅದನ್ನು ಕೇಳಿದಾಗಿನಿಂದ ನನಗೆ ನನ್ನ ಹಳೆಯ ಕಾಯುವ ಕೆಲಸವೇ ಬೇಕೆನಿಸಿದೆ. ಬಾಗಿಲಲ್ಲಿ ಕೂತವನನ್ನು ಯಾರೂ ಏನು ನೋಡಿದೆ ಎಂದು ಕೇಳುವುದಿಲ್ಲ. ಏಪ್ರಿಕಾಟ್ ತಿಂದುಕೊಂಡು, ಒಳಗೆ ಬಿಡಲಿಲ್ಲವೆಂದು ಗೊಣಗಿಕೊಂಡು ಎಷ್ಟು ಸುಖವಾಗಿದ್ದೆ! ಆ ಪೆರುವಿನ ಕಲ್ಲಿನ ಬಣ್ಣ ಯಾವುದೋ, ಅದನ್ನು ನಮ್ಮ ಮನೆಯ ಯಾವ ಪಾತ್ರೆ, ಯಾವ ಗೋಡೆ ಹೋಲುತ್ತದೋ ಎಂದು ಈಗಲೇ ಅಡುಗೆಮನೆಯಲ್ಲಿ ಹುಡುಕುತ್ತಿದ್ದೇನೆ. ಅಮ್ಮ, "ಏನ್ ಬೇಕೋ?" ಎಂದು ಕೇಳಿದರೆ, ಯಾವ ದನಿಯಲ್ಲಿ ಹೇಳಬೇಕೆಂದೇ ಗೊತ್ತಾಗುವುದಿಲ್ಲ.