ಹತ್ತು ಮರಿ, ಒಂದು ಗಿಡುಗ, ಅರ್ಧ ಸೀಸೆ ನೇರಳೆ ಬಣ್ಣ

"ಎಣಿಸಿ," ಎಂದಳು ಹೆಂಡತಿ.

ಕೇಕಪ್ಪ ಎಣಿಸಿದ. ಹತ್ತು ಮರಿಗಳಿದ್ದವು.

"ಇನ್ನೊಂದ್ಸಲ ಎಣಿಸಿ."

ಆಗಲೂ ಹತ್ತೇ. ಮೊನ್ನೆ ತಾನೇ ಮೊಟ್ಟೆಯೊಡೆದು ಹೊರಬಂದ ಕಂದು ಬಣ್ಣದ ಮರಿಗಳು ತಾಯಿ ಕೋಳಿಯ ರೆಕ್ಕೆಯೊಳಗಿಂದ ತಲೆ ಹೊರಗೆ ಹಾಕಿ ಯಜಮಾನನನ್ನು ನೋಡುತ್ತಿದ್ದವು. ಅವುಗಳ ನೋಟದಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ.

"ತಂಗಿ ಮನೆಯಿಂದ ಸಾಯಂಕಾಲ ಬರ್ತೀನಿ. ಆಗಲೂ ಹತ್ತು ಇರಬೇಕು. ಒಂಬತ್ತಾಯ್ತೋ, ನಿಮ್ಮ ಸಮುದ್ರ ನಮ್ಮ ಬಚ್ಚಲಲ್ಲೇ."

ಹಾಗೆ ಹೇಳುವುದಕ್ಕೆ ಅವಳಿಗೆ ಕಾರಣವಿತ್ತು. ಹೋದ ಸಲದ ಮರಿಗಳನ್ನು ಗಿಡುಗ ಎತ್ತಿಕೊಂಡು ಹೋದಾಗ ಕಾವಲಿಗೆ ಕೂತಿದ್ದವನು ಕೇಕಪ್ಪನೇ. ಪೇಪರಿನ ಪದಬಂಧದಲ್ಲಿ ಅವನು ಎಷ್ಟು ಮುಳುಗಿದ್ದನೆಂದರೆ, ಗಿಡುಗ ಎರಡನೆಯ ಸಲ ಬಂದಾಗ ಅದರ ರೆಕ್ಕೆಯ ಗಾಳಿಗೆ ಹಾಳೆ ಹಾರದಂತೆ ಕೈಯಲ್ಲಿ ಅದುಮಿಕೊಂಡಿದ್ದನಂತೆ. ಹೆಂಡತಿ ಹೇಳುವುದು ಹೀಗೆ. ಅವನು ಅಲ್ಲಗಳೆದದ್ದಿಲ್ಲ.

ಅವನು ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವವನು. ಬೀದಿಯವರೆಲ್ಲ ಕೇಕಪ್ಪ ಎಂದು ಕರೆದು ಕರೆದು, ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವ ಹಾಗಾಗಿತ್ತು. ನೀಲಿ ಕ್ರೀಮಿನಲ್ಲಿ ಅಲೆ, ಬಿಳಿ ಕ್ರೀಮಿನಲ್ಲಿ ನೊರೆ, ಸಕ್ಕರೆಯಲ್ಲಿ ಮರಳು ಹೀಗೆ ಎಷ್ಟೋ ಸಮುದ್ರಗಳನ್ನು ಮಾಡಿ ಪೆಟ್ಟಿಗೆಗೆ ತುಂಬಿ ಕಳಿಸಿದ್ದನೇ ಹೊರತು ನಿಜವಾದ ಸಮುದ್ರವನ್ನು ಒಂದು ಸಲವೂ ಕಂಡಿರಲಿಲ್ಲ. ಈಗ ಬೇಕರಿಯ ಗೆಳೆಯರು ಸೇರಿ ವ್ಯಾನು ಗೊತ್ತುಮಾಡಿದ್ದರು. ಇವತ್ತು ಸಂಜೆ ಹೊರಟರೆ ನಾಳೆ ಬೆಳಗಾಗುವಾಗ ಕಾಲು ನೀರಿನಲ್ಲಿ. ಆ ಆಸೆಯಲ್ಲಿ ಅವನಿಗೆ ವಾರದಿಂದ ಸರಿಯಾಗಿ ನಿದ್ದೆಯಿಲ್ಲ.

"ನಾನೂ ಸಮುದ್ರ ನೋಡಿಲ್ಲ," ಎಂದಿದ್ದಳು ಹೆಂಡತಿ, ವಿಷಯ ತಿಳಿದ ದಿನ.

"ಬರೀ ಗಂಡಸರು ಹೋಗ್ತಿರೋದು ಕಣೇ," ಎಂದು ಹೇಳಿ ಕೇಕಪ್ಪ, ಆಗಲೇ ಹೊಳೆಯುತ್ತಿದ್ದ ಷೂಗಳನ್ನು ಮತ್ತೊಮ್ಮೆ ಒರೆಸತೊಡಗಿದ್ದ.

ಹೆಂಡತಿ ಬೀದಿಯ ತಿರುವು ದಾಟಿದ್ದಳೋ ಇಲ್ಲವೋ, ಗಿಡುಗದ ನೆರಳು ಹಿತ್ತಲ ಮೇಲೆ ಹಾಯಿತು. ಇವಳು ಹೋಗುವುದನ್ನೇ ಎಲ್ಲೋ ಕೂತು ಕಾಯುತ್ತಿತ್ತು ಅನ್ನಿ. ಕೇಕಪ್ಪ ಓಡಿಹೋಗಿ ದೊಡ್ಡ ಬುಟ್ಟಿ ತಂದು ತಾಯಿ ಮರಿ ಎಲ್ಲವನ್ನೂ ಅದರಡಿ ಮುಚ್ಚಿ, ಕೈ ಕೊಡವಿಕೊಂಡು, ಇಷ್ಟಕ್ಕೆ ಇಷ್ಟೊಂದು ರಾದ್ಧಾಂತವೇ ಎಂದುಕೊಂಡ. ಆದರೆ ತಾಯಿ ಕೋಳಿಗೆ ಕತ್ತಲು ಹಿಡಿಸಲಿಲ್ಲ. ಅದು ಬುಟ್ಟಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೊರಟಿತು. ಕಾಲು ಬಂದ ಬುಟ್ಟಿ ಹಿತ್ತಲ ತುಂಬ ಓಡಾಡಿ, ನಲ್ಲಿಕಟ್ಟೆಗೆ ಡಿಕ್ಕಿ ಹೊಡೆದು ಮಗುಚಿಕೊಂಡಿತು. ಮೇಲೆ ಕಲ್ಲು ಹೇರಿದರೆ ಹಳೆಯ ಬುಟ್ಟಿಯ ತಳವೇ ಕಿತ್ತುಬಂತು.

ಆಮೇಲೆ ಕೇಕಪ್ಪ ಕೊಡೆ ಬಿಚ್ಚಿ ಹಿಡಿದು ಮರಿಗಳ ಹಿಂದೆ ನಡೆದ. ಹತ್ತು ಮರಿಗಳು ಹತ್ತು ದಿಕ್ಕಿಗೆ ಹೋದವು. ಕೊಡೆ ಮಾತ್ರ ಒಂದೇ.

"ಏನಪ್ಪಾ ಕೇಕಪ್ಪ, ಬಿಸಿಲಿಗೆ ಕೋಳಿ ಕಪ್ಪಾಗ್ತವೆ ಅಂತಲೋ?"

ಬಲಗಡೆಯ ಗೋಡೆಯ ಮೇಲೆ ತೈಲದ ಮಾಮನ ತಲೆ ಕಾಣಿಸಿತು. ಅದು ಸಾಮಾನ್ಯ ತಲೆಯಲ್ಲ. ಮಾಮ ಮನೆಯಲ್ಲೇ ಕೂದಲಿನ ಎಣ್ಣೆ ಕಾಸಿ ಮಾರುವವರು. ವಯಸ್ಸು ಅರವತ್ತು ದಾಟಿದರೂ ತಲೆಯ ಮೇಲೆ ದಟ್ಟವಾದ, ಮೆತ್ತಗಿನ, ಕಂದು ಬಣ್ಣದ ಕೂದಲು. "ನನ್ನ ತಲೆಯೇ ನನ್ನ ಬೋರ್ಡು," ಎಂದು ಅದನ್ನು ಸವರಿಕೊಂಡು ಹೇಳಿದರೆ ಎದುರಿನವರು ಬೇರೆ ಪ್ರಶ್ನೆ ಕೇಳದೆ ಸೀಸೆ ಕೊಳ್ಳುತ್ತಿದ್ದರು. ಕೇಕಪ್ಪನೂ ಕೊಂಡಿದ್ದ. ಇದ್ದ ಕೂದಲು ದಿಂಬಿನ ಮೇಲೆ ಉಳಿದಿತ್ತು.

"ಗಿಡುಗ ಮಾಮ, ಗಿಡುಗ! ಒಂದು ಮರಿ ಹೋದ್ರೂ ನನ್ನ ಸಮುದ್ರ ಹೋಯ್ತು."

ಮಾಮ ಆಕಾಶವನ್ನು ನೋಡಿ, ಮರಿಗಳನ್ನು ನೋಡಿ, ಎಲ್ಲ ತಿಳಿದವರಂತೆ ಗಂಟಲು ಸರಿಮಾಡಿಕೊಂಡರು.

"ಕೊಡೆಗಿಡೆ ಎಲ್ಲ ಬಿಡು. ಗಿಡುಗ ಮೇಲಿಂದ ನೋಡೋದು ಬಣ್ಣ. ಕಂದು ಬಣ್ಣ, ಮೆತ್ತಗೆ ಕಾಣಬೇಕು, ಅಷ್ಟೇ. ಅದರ ಲೆಕ್ಕದಲ್ಲಿ ಅದು ಮರಿ. ದೊಡ್ಡ ಕೋಳಿ ತಂಟೆಗೆ ಅದು ಬರಲ್ಲ, ಭಾರ. ಮರಿಗಳಿಗೆ ಬೇರೆ ಬಣ್ಣ ಬಳಿದುಬಿಡು. ಹಿತ್ತಲಲ್ಲಿ ಕಂದು ಬಣ್ಣದ ಮೆತ್ತನೆ ವಸ್ತು ಒಂದೂ ಕಾಣಕೂಡದು. ಗಿಡುಗ ನಾಲ್ಕು ಸುತ್ತು ಹಾಕುತ್ತೆ, ಬೇಜಾರಾಗಿ ಹೊರಟುಹೋಗುತ್ತೆ."

"ಮಾಮಾ, ನೀವು ಎಲ್ಲೋ ಇರಬೇಕಾದೋರು!"

"ಎಲ್ಲರೂ ಅದನ್ನೇ ಹೇಳ್ತಾರೆ," ಎಂದರು ಮಾಮ.

ಅಡುಗೆಮನೆಯ ಕಪಾಟಿನಲ್ಲಿ ಕೇಕಿಗೆ ಹಾಕುವ ನೇರಳೆ ಬಣ್ಣದ ಸೀಸೆಯೊಂದಿತ್ತು. ನೇರಳೆ ಕೇಕು ಯಾರೂ ಕೇಳುವುದಿಲ್ಲವೆಂದು ಬೇಕರಿಯಿಂದ ತಂದಿಟ್ಟದ್ದು. ತಿನ್ನುವ ಬಣ್ಣವಾದ್ದರಿಂದ ಮರಿಗಳಿಗೂ ಅಪಾಯವಿಲ್ಲ. ಕೇಕಪ್ಪ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಅರ್ಧ ಸೀಸೆ ಸುರಿದು, ಮರಿಗಳನ್ನು ಒಂದೊಂದಾಗಿ ಕುತ್ತಿಗೆಯ ತನಕ ಅದ್ದಿ, ತಲೆಗೆ ಬ್ರಷ್ಷಿನಿಂದ ನಾಜೂಕಾಗಿ ಬಳಿದ. ಕೆಲಸದಲ್ಲಿ ಅವನಿಗೆ ಹೆಸರಿಡುವ ಹಾಗಿಲ್ಲ. ಒಂದು ಮರಿಯ ಬೆನ್ನ ಮೇಲೆ ಹೂವು ಬಿಡಿಸಲು ಕೈ ತುರಿಸಿತು, ತಡೆದುಕೊಂಡ.

ಒದ್ದೆ ಮರಿಗಳು ಗಡಗಡ ನಡುಗತೊಡಗಿದವು. ಕೇಕಪ್ಪ ಹೆಂಡತಿಯ ಹೇರ್ ಡ್ರೈಯರ್ ತಂದು ಸಣ್ಣ ಗಾಳಿ ಬಿಟ್ಟು ಒಣಗಿಸಿದ. ಒಣಗಿದವನ್ನು ಒಂದೊಂದಾಗಿ ಅಂಗಿಯೊಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡ. ಬೇಕರಿಯ ಹೊಟ್ಟೆ, ಮೆತ್ತಗೂ ಇತ್ತು, ಬೆಚ್ಚಗೂ ಇತ್ತು. ಹತ್ತೂ ಅಲ್ಲೇ ತೂಕಡಿಸಿದವು. ಅವಕ್ಕೆ ಎಚ್ಚರವಾಗದಿರಲೆಂದು ಅವನು "ಬಾ ಬಾ ಬಾ" ಎಂದು ಮೆಲ್ಲಗೆ ಗುನುಗುತ್ತ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಮುಚ್ಚಿದರೆ ಸಮುದ್ರ ಕಾಣುತ್ತಿತ್ತು.

ಮರಿಗಳನ್ನು ಹಿತ್ತಲಿಗೆ ಬಿಟ್ಟಾಗ ಹೊಸ ತಾಪತ್ರಯ ಶುರುವಾಯಿತು. ತಾಯಿ ಕೋಳಿ ಓಡಿಬಂತು, ನಿಂತಿತು, ಕತ್ತು ಓರೆ ಮಾಡಿ ಒಂದು ಕಣ್ಣಿಂದ ನೋಡಿತು, ಇನ್ನೊಂದು ಕಣ್ಣಿಂದ ನೋಡಿತು. ತನ್ನ ಸಂಸಾರದಲ್ಲಿ ಇಂಥ ಬಣ್ಣ ಹಿಂದೆಂದೂ ಇರಲಿಲ್ಲ. ಎದುರಿಗಿದ್ದ ಮರಿಯನ್ನು ಕುಕ್ಕಿ ಓಡಿಸಿತು.

"ಏ ಹುಚ್ಚಿ, ನಿನ್ನ ಮಕ್ಕಳೇ ಕಣೇ ಅವು!" ಎಂದು ಕೇಕಪ್ಪ ಬೇಡಿಕೊಂಡ.

ಕೋಳಿ ಮಾತು ಕೇಳಲಿಲ್ಲ. ಮರಿಗಳು ಅವನ ಕಾಲ ಸಂದಿಗೆ ಓಡಿಬಂದವು. ತಾಯಿಗೂ ಅದೇ ಬಣ್ಣ ಬಳಿದರೆ ಮಕ್ಕಳು ತನ್ನವೇ ಅನ್ನಿಸೀತು ಎಂದು ಅವನಿಗೆ ಹೊಳೆದದ್ದು ಆಗಲೇ. ಕೋಳಿ ಎಂದಾದರೂ ಕನ್ನಡಿ ನೋಡಿಕೊಳ್ಳುತ್ತದೆಯೇ ಎಂದು ಅವನು ಯೋಚಿಸಲಿಲ್ಲ. ಆ ಹೊತ್ತಿಗೆ ಅವನ ತಲೆ ಅಷ್ಟು ಓಡುತ್ತಿರಲಿಲ್ಲ. ಕೋಳಿಯನ್ನು ಹಿಡಿದು ಬೋಗುಣಿಗೆ ಇಳಿಸಿದ. ಕಾಲು, ಹೊಟ್ಟೆ, ಬಾಲ ನೆನೆದದ್ದೇ ತಡ, ಅದು ಕೊಕ್ಕೊಕ್ಕೋ ಎಂದು ಕಿರಿಚಿ, ಅವನ ಮುಖಕ್ಕೆಲ್ಲ ನೇರಳೆ ಎರಚಿ, ಎಡಗಡೆಯ ಗೋಡೆ ಹಾರಿತು.

ಎಡಗಡೆ ನರ್ಸಮ್ಮನ ಮನೆ. ಹಗ್ಗದ ಮೇಲೆ ವಾರದ ಬಿಳಿ ಸಮವಸ್ತ್ರಗಳೆಲ್ಲ ಒಣಗುತ್ತಿದ್ದವು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಒಂದು ಕೈಯಲ್ಲಿ ಕೋಳಿ, ಇನ್ನೊಂದು ಕೈಯಲ್ಲಿ ಸಮವಸ್ತ್ರ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. ಬಟ್ಟೆಯ ಮೇಲೆ ಹೆಗಲಿಂದ ಅಂಚಿನ ತನಕ ನೇರಳೆ ಹೆಜ್ಜೆಗಳು ಸಾಲಾಗಿ ಮೂಡಿದ್ದವು.

"ಏನ್ರೀ ಇದು ಕೇಕಪ್ಪನೋರೇ? ನಾಳೆ ಇದನ್ನ ಹಾಕ್ಕೊಂಡು ಹೋದ್ರೆ ರೋಗಿಗಳು ಹಾಸಿಗೆ ಬಿಟ್ಟು ಓಡ್ತಾರೆ!"

"ತೊಳೆದುಕೊಡ್ತೀನಿ ಅಕ್ಕಾ. ತಿನ್ನೋ ಬಣ್ಣ, ಹೋಗುತ್ತೆ."

"ಸಮವಸ್ತ್ರ ನಾನೇನು ತಿನ್ನಲ್ಲ!"

"ಅಯ್ಯೋ, ಬಿಡಮ್ಮ ನರ್ಸಮ್ಮ," ಎಂದು ತೈಲದ ಮಾಮ ತಮ್ಮ ಉಪಾಯ ಫಲಿಸಿದ್ದನ್ನು ಕಣ್ಣಾರೆ ನೋಡಲು ಸ್ಟೂಲಿನ ಮೇಲಿಂದ ಗೋಡೆ ಹತ್ತಿ ಈಚೆಗೆ ಇಳಿದೇಬಿಟ್ಟರು. "ಒಂದು ಜೀವ ಉಳಿಸೋ ವಿಷಯ. ನೋಡು, ಗಿಡುಗ ಬರ್ತಾ ಇದೆ. ಯಾರೂ ಅಲ್ಲಾಡಬೇಡಿ. ಮಜಾ ನೋಡಿ."

ನಿಜ, ಗಿಡುಗ ಬಂದಿತ್ತು. ಕೆಳಗಿಳಿದು ಒಂದು ಸುತ್ತು ಹಾಕಿತು. ನೇರಳೆ ಮರಿಗಳ ಮೇಲೆ ಹಾದುಹೋಯಿತು, ಮುಟ್ಟಲಿಲ್ಲ. ಇನ್ನೊಂದು ಸುತ್ತು ಹಾಕಿತು. ಬೆಳಗ್ಗೆ ಇದ್ದ ಊಟ ಎಲ್ಲಿ ಹೋಯಿತೆಂದು ಅದಕ್ಕೆ ತಿಳಿಯುತ್ತಿಲ್ಲವೆಂಬುದು ಕೆಳಗೆ ನಿಂತವರಿಗೂ ಗೊತ್ತಾಗುತ್ತಿತ್ತು. ಮಾಮ ಹೆಮ್ಮೆಯಿಂದ ಬಗ್ಗಿ ಒಂದು ಮರಿಯ ಬೆನ್ನು ಸವರಿದರು.

"ನಾನು ಹೇಳಲಿಲ್ವಾ? ಕಂದು ಬಣ್ಣ, ಮೆತ್ತಗೆ, ಅಂಥದ್ದು ಒಂದೂ..."

ಸುಯ್ಯೆಂದು ಗಾಳಿ ಬೀಸಿತು. ಮೂವರೂ ನೆಲಕ್ಕೆ ಕುಕ್ಕರಿಸಿದರು. ಕೇಕಪ್ಪ ತಲೆಯೆತ್ತಿದಾಗ ಗಿಡುಗ ಮೇಲೇರುತ್ತಿತ್ತು. ಅದರ ಉಗುರಿನಲ್ಲಿ ಕಂದು ಬಣ್ಣದ್ದೇನೋ ನೇತಾಡುತ್ತಿತ್ತು.

ಅವನು ಮರಿಗಳನ್ನು ಒಂದೊಂದಾಗಿ ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹತ್ತೇ! ಕೋಳಿಯೂ ಇದೆ. ಹಾಗಾದರೆ ಗಿಡುಗ ಒಯ್ದದ್ದೇನು?

ಆಗ ಅವನು ತೈಲದ ಮಾಮನ ಕಡೆ ತಿರುಗಿದ. ಅವರ ತಲೆ ಈಗ ತಾನೇ ಬೆಳಗಿ ಬೋರಲು ಹಾಕಿದ ಚೆಂಬಿನ ಹಾಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಎಳೆ ಕೂಡ ಇರಲಿಲ್ಲ.

ಎಲ್ಲರಿಗಿಂತ ಮೊದಲು ಬಾಯಿ ಬಂದದ್ದು ನರ್ಸಮ್ಮನಿಗೆ. "ಮಾಮಾ! ವರ್ಷದಿಂದ ನಿಮ್ಮ ಎಣ್ಣೆ ಹಚ್ತಿದ್ದೀನಲ್ಲ ನಾನು!" ಎಂದಳು. ಆಮೇಲೆ ಸಮವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಈ ಸುದ್ದಿ ತನ್ನಲ್ಲೇ ಹಳಸಬಾರದೆಂದು ಬೀದಿಯ ಕಡೆ ಓಡಿದಳು.

"ನಿನ್ನ ಕೋಳಿ ಹಾಳಾಗ!" ಎಂದು ಮಾಮ ಕೊಡೆಯನ್ನು ಕಿತ್ತುಕೊಂಡು ತಲೆಯ ಮೇಲೆ ಹಿಡಿದು ಮನೆ ಸೇರಿಕೊಂಡರು.

ಹೆಂಡತಿ ಬಂದಾಗ ಬಿಸಿಲು ಇಳಿದಿತ್ತು. ಕೇಕಪ್ಪ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಹೊಳೆಯುವ ಷೂ ಹಾಕಿ, ಚೀಲ ಹೆಗಲಿಗೇರಿಸಿ ನಿಂತಿದ್ದ. ಮುಖದ ನೇರಳೆ ಪೂರ್ತಿ ಹೋಗಿರಲಿಲ್ಲ. ಅವಳು ಗಂಡನನ್ನು ನೋಡಿದಳು, ಮರಿಗಳನ್ನು ನೋಡಿದಳು, ಮಣ್ಣಿನಲ್ಲಿ ಹೊರಳಾಡುತ್ತ ಸುಖವಾಗಿದ್ದ, ಅರ್ಧ ನೇರಳೆಯಾದ ಕೋಳಿಯನ್ನು ನೋಡಿದಳು.

"ಎಣಿಸು," ಎಂದ ಕೇಕಪ್ಪ, ಎದೆಯುಬ್ಬಿಸಿ.

ಅವಳು ಎಣಿಸಿದಳು. ಹತ್ತಿದ್ದವು.

"ಬೀದೀಲಿ ನರ್ಸಮ್ಮ ಎಲ್ಲ ಹೇಳಿದ್ಲು," ಎಂದಳು. ತುಟಿಯಂಚಿನಲ್ಲಿ ನಗು ಇತ್ತು. "ಆಗಲಿ. ಆಡಿದ ಮಾತಿಗೆ ತಪ್ಪೋಳಲ್ಲ ನಾನು. ಹೋಗಿ ಬನ್ನಿ."

ಆ ಕ್ಷಣ ಅವನಿಗೆ ಹೆಂಡತಿಯ ಮೇಲೆ ಉಕ್ಕಿದ ಪ್ರೀತಿ ಮದುವೆಯ ಹೊಸದರಲ್ಲೂ ಉಕ್ಕಿರಲಿಲ್ಲ. ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಕೇಕಪ್ಪ ಗೇಟಿನ ಕಡೆ ಹೊರಟ.

ಚಿಂವ್ ಚಿಂವ್ ಎಂದು ಸದ್ದಾಯಿತು. ತಿರುಗಿ ನೋಡಿದ. ಹತ್ತು ಮರಿಗಳು ಅವನ ಹಿಂದೆ ಸಾಲಾಗಿ ಬರುತ್ತಿದ್ದವು. ಅವನು ನಿಂತರೆ ನಿಂತವು. ಓಡಿದರೆ, ಬಿದ್ದು ಎದ್ದು ಓಡಿಬಂದವು. ಹೆಂಡತಿ ಎರಡನ್ನು ಎತ್ತಿ ತಾಯಿಯ ಬಳಿ ಬಿಟ್ಟಳು. ತಾಯಿ ಕುಕ್ಕಿತು. ಅವು ಅಳುತ್ತ ಮತ್ತೆ ಕೇಕಪ್ಪನ ಷೂಗಳ ಮೇಲೆ ಬಂದು ಕೂತವು.

"ಮಾರಾಯ್ರೇ, ಇವು ನಿಮ್ಮನ್ನೇ ತಾಯಿ ಅಂದ್ಕೊಂಡಿವೆ," ಎಂದಳು ಹೆಂಡತಿ. "ನೀವು ಹೋದ್ರೆ ರಾತ್ರಿ ಚಳಿಗೆ ಇವಕ್ಕೆ ಯಾರು ಗತಿ? ಬೆಳಗಾಗೋದ್ರೊಳಗೆ ಎಲ್ಲ ಸಾಯ್ತವೆ."

"ಹೆಂಗಾದ್ರೂ ಬದುಕ್ತಾವೆ ಬಿಡೇ!" ಎಂದ ಕೇಕಪ್ಪ. ಆದರೆ ಷೂವಿನ ಮೇಲಿದ್ದವು ಕತ್ತೆತ್ತಿ ಅವನನ್ನೇ ನೋಡುತ್ತಿದ್ದವು. ಬೆಳಗ್ಗೆ ಇಲ್ಲದ ನಂಬಿಕೆ ಈಗ ಆ ನೋಟದಲ್ಲಿ ಧಾರಾಳವಾಗಿತ್ತು. ಅವನಿಗೆ ಕಾಲು ಎತ್ತಲಾಗಲಿಲ್ಲ.

ಅಷ್ಟರಲ್ಲಿ ವ್ಯಾನಿನ ಕಿಟಕಿಯಿಂದ ಬ್ರೆಡ್ಡು ಸುಡುವ ಗೆಳೆಯನ ಹೆಂಡತಿ ತಲೆ ಹಾಕಿದಳು. ಅವಳ ಹಿಂದೆ ಬಿಸ್ಕತ್ತಿನವನ ಹೆಂಡತಿ, ಅವಳ ಹಿಂದೆ ಮತ್ತೊಬ್ಬಳು.

"ಅಕ್ಕಾ, ನೀವೂ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ನೀರು ಕಂಡ್ರೆ ನಿಮಗೆ ತಲೆಸುತ್ತು ಬರುತ್ತಂತೆ, ಅಣ್ಣ ಹೇಳಿದ್ರು. ಪಾಪ!"

ಕೇಕಪ್ಪನಿಗೆ ತನ್ನ ಷೂ ಒರೆಸಬೇಕೆನ್ನಿಸಿತು. ಮರಿಗಳು ಜಾಗ ಬಿಡಲಿಲ್ಲ.

"ಬರ್ತಿತ್ತು," ಎಂದಳು ಹೆಂಡತಿ, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಈಗ ತಾನೇ ವಾಸಿಯಾಯ್ತು."

ಅವನ ಹೆಗಲಿನಿಂದ ಚೀಲ ಇಳಿಸಿಕೊಂಡಳು. ಒಳಗಿದ್ದ ಅವನ ಬಟ್ಟೆಗಳನ್ನು ಅವನ ಕೈಗೇ ಕೊಟ್ಟಳು. ಒಳಗೆ ಹೋಗಿ ತನ್ನವು ನಾಲ್ಕನ್ನು ತುಂಬಿಕೊಂಡು ಬಂದು ವ್ಯಾನು ಹತ್ತಿದಳು.

"ಒಂದು ಸೀಟು ಸುಮ್ಮನೆ ದಂಡ ಆಗಬಾರದಲ್ವಾ?" ಎಂದಳು ಕಿಟಕಿಯಿಂದ. "ರೀ, ನಾಳಿದ್ದು ಬರ್ತೀನಿ. ಆಗಲೂ ಹತ್ತು ಇರಬೇಕು."

ವ್ಯಾನು ಹೊರಟುಹೋಯಿತು. ಹೆಂಗಸರ ನಗು ತಿರುವಿನ ತನಕ ಕೇಳಿಸಿತು.

ಕೇಕಪ್ಪ ಹಿತ್ತಲಿಗೆ ಬಂದು ನಲ್ಲಿಕಟ್ಟೆಯ ಮೇಲೆ ಕೂತು, ಹೊಸ ಅಂಗಿಯ ಗುಂಡಿ ಬಿಚ್ಚಿದ. ಮರಿಗಳು ಒಂದೊಂದಾಗಿ ಹತ್ತಿ ಒಳಗೆ ಸೇರಿಕೊಂಡವು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯೂ ಆಯಿತು, ಸಮುದ್ರಕ್ಕಾಗಿ ಅಳುವೂ ಬಂತು.

ಆಗ ಮೇಲಿನಿಂದ ಏನೋ ಪಟ್ಟೆಂದು ಬಿತ್ತು. ಇಡೀ ಮಧ್ಯಾಹ್ನ ಎಲ್ಲೋ ಕೂತು ಕುಕ್ಕಿ ಕುಕ್ಕಿ, ಇದು ಊಟವಲ್ಲವೆಂದು ಕೊನೆಗೂ ಮನಗಂಡ ಗಿಡುಗ, ಎತ್ತಿದ ಜಾಗಕ್ಕೇ ವಾಪಸು ತಂದು ಹಾಕಿತ್ತು. ತಾಯಿ ಕೋಳಿ ಮಣ್ಣು ಕೊಡವಿಕೊಂಡು ಎದ್ದು ಬಂತು. ಕತ್ತು ಓರೆ ಮಾಡಿ ಒಂದು ಕಣ್ಣಿಂದ ನೋಡಿತು, ಇನ್ನೊಂದು ಕಣ್ಣಿಂದ ನೋಡಿತು. ಕಂದು ಬಣ್ಣ. ಮೆತ್ತಗಿದೆ. ಕಳೆದುಹೋದ ಮಗು ಸಿಕ್ಕಿತೆಂಬಂತೆ ಕೊಕ್ ಕೊಕ್ ಎನ್ನುತ್ತ ಅದರ ಮೇಲೆ ರೆಕ್ಕೆ ಹರಡಿ ಕೂತುಬಿಟ್ಟಿತು.

ಬಲಗಡೆಯ ಗೋಡೆಯ ಮೇಲೆ ಮೊದಲು ಕೊಡೆ, ಅದರಡಿಯಲ್ಲಿ ತೈಲದ ಮಾಮ ಕಾಣಿಸಿಕೊಂಡರು.

"ಕೇಕಪ್ಪಾ," ಎಂದರು ಪಿಸುದನಿಯಲ್ಲಿ, "ನೀನು ಒಳ್ಳೆಯವನು. ಅದನ್ನ ಸ್ವಲ್ಪ ಎತ್ತಿ ಕೊಡಪ್ಪ."

ಕೇಕಪ್ಪ ಒಂದು ಕೈಯಲ್ಲಿ ಅಂಗಿಯೊಳಗಿನ ಸಂಸಾರವನ್ನು ಅವುಚಿಕೊಂಡು, ಇನ್ನೊಂದು ಕೈಯನ್ನು ಮೆಲ್ಲಗೆ ಕೋಳಿಯ ಹೊಟ್ಟೆಯಡಿಗೆ ಚಾಚಿದ.

ಕೋಳಿ ಅವನ ಕೈಯನ್ನು ಬಲವಾಗಿ ಕುಕ್ಕಿತು.